ಇಂಜಿನ್ನಿನ ತಳದ ಗೀರು

ಲಾರೆನ್ಸಣ್ಣನಿಗೆ, ಬಾಳ್ಳುಪೇಟೆಯಿಂದ ನಿನ್ನ ವಾಚ್ ರಿಪೇರಿ ಶಿವಣ್ಣ ಬರೆಯುವುದು.

ನಾನು ಕಾಗದ ಬರೆಯುವವನಲ್ಲ, ನಿನಗೇ ಗೊತ್ತು. ಬರೆದದ್ದನ್ನು ಯಾರಾದರೂ ಜೋಪಾನವಾಗಿಟ್ಟುಕೊಂಡು ನಾಳೆ ನನ್ನ ಮುಖಕ್ಕೇ ಹಿಡಿದರೆ ಅಂತ ಭಯ. ನೀನು ಮಣ್ಣಿಗೆ ಸೇರಿ ಮೂರು ತಿಂಗಳಾಯಿತು, ಇನ್ನು ನೀನಂತೂ ಹಿಡಿಯಲಾರೆ ಎಂದು ಧೈರ್ಯ ಮಾಡಿದ್ದೇನೆ. ಹಾಗಂತ ಪೂರ್ತಿ ಧೈರ್ಯವೇನೂ ಇಲ್ಲ. ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡೇ ಬರೆಯುತ್ತಿದ್ದೇನೆ.

ನೀನು ಮೊದಲ ಸಲ ನನ್ನ ಅಂಗಡಿಗೆ ಬಂದದ್ದು ಘಾಟಿಯಲ್ಲಿ ಮೀಟರ್ ಗೇಜ್ ರೈಲು ನಿಲ್ಲಿಸಿದ ವರ್ಷ. ಹೆಗಲ ಮೇಲೆ ಸುತ್ತಿಗೆ, ಸ್ಪ್ಯಾನರ್ ಹೊತ್ತು ದಿನಾ ಹಳಿಯ ಮೇಲೆ ನಡೆದು, ಹಳಿಯನ್ನು ಹಿಡಿದಿಡುವ ಕೀ ಸಡಿಲವಾಗಿದ್ದರೆ ಬಿಗಿ ಮಾಡುತ್ತಿದ್ದ ಕೀಮ್ಯಾನ್ ನೀನು. ಹಳಿಯನ್ನೇ ಕಿತ್ತು ಹಾಕುತ್ತಾರೆಂದಾಗ ಕೆಲಸ ಬಿಟ್ಟು ಸಕಲೇಶಪುರದಲ್ಲಿ ಮನೆ ಮಾಡಿದ್ದೆ. ಕೈಗಡಿಯಾರ ಮೇಜಿನ ಮೇಲಿಟ್ಟು, "ಇನ್ನು ಇದರಲ್ಲಿ ಯಾವ ರೈಲಿನ ಟೈಮ್ ನೋಡ್ಲಿಕ್ಕುಂಟು? ಆದ್ರೂ ಓಡ್ಲಿ ಮಾರಾಯ" ಅಂದೆ. ನಾನು ಬಿಚ್ಚುವಾಗ ಕಣ್ಣು ಮಿಟುಕಿಸದೆ ನೋಡುತ್ತಾ ನಿಂತೆ. ವಾಚ್ ರಿಪೇರಿಯವನು ಒಳಗಿನ ಕೆಂಪು ಕಲ್ಲು ಕದಿಯುತ್ತಾನೆ ಎಂದು ಲೋಕಕ್ಕೆಲ್ಲ ಗುಮಾನಿ. ನೀನೂ ಅದೇ ಜಾತಿ ಅಂದುಕೊಂಡು, ಬೇಕಂತಲೇ ಹಿಂದಿನ ಮುಚ್ಚಳದ ಒಳಮೈ ನಿನ್ನ ಮುಂದೆ ಹಿಡಿದೆ. ನಮ್ಮ ಕಸುಬಿನಲ್ಲಿ ಒಂದು ಪದ್ಧತಿ. ರಿಪೇರಿ ಮಾಡಿದವನು ಅಲ್ಲಿ ಸೂಜಿಮೊನೆಯಲ್ಲಿ ತನ್ನ ಗುರುತು ಗೀರುತ್ತಾನೆ, ಮುಂದೆ ಬಿಚ್ಚುವ ರಿಪೇರಿಯವನಿಗೆ ಬಿಟ್ಟರೆ ಅದು ಯಾರಿಗೂ ಕಾಣುವುದಿಲ್ಲ. ನಿನ್ನ ವಾಚಿನಲ್ಲಿ ಮೂವರ ಗೀರು ಇತ್ತು. "ಅಯ್ಯೋ ದೇವ್ರೇ, ಇಷ್ಟು ವರ್ಷ ನನ್ನ ಕೈಯಲ್ಲೇ ಇತ್ತಲ್ಲ, ನಂಗೇ ಗೊತ್ತಿರ್ಲಿಲ್ಲ!" ಎಂದು ಹಿಗ್ಗಿಬಿಟ್ಟೆ.

ಆಮೇಲೆ ನಿನ್ನ ಕಣ್ಣು ಗಾಜಿನ ಕಪಾಟಿನಲ್ಲಿದ್ದ ತಗಡಿನ ಇಂಜಿನ್ ಮೇಲೆ ಬಿತ್ತು. ಹಾಲಿನ ಪುಡಿ ಡಬ್ಬಿ ಕತ್ತರಿಸಿ, ಅಲಾರಂ ಗಡಿಯಾರದ ಹಲ್ಲಿನ ಚಕ್ರ, ಟೇಪ್ ರೆಕಾರ್ಡರಿನ ಮೋಟಾರು ಕೂಡಿಸಿ ಮಾಡಿದ್ದು. ನೋಡಿದವರೆಲ್ಲ "ಆಟದ್ದಾ? ಯಾರಿಗೆ?" ಎಂದು ಕೇಳುತ್ತಿದ್ದರು. ನೀನೊಬ್ಬ ಬಗ್ಗಿ ಚಕ್ರದ ನಡುವಿನ ಅಂತರ ನೋಡಿ, "ಮೀಟರ್ ಗೇಜಾ?" ಅಂದೆ. ಅಂಥ ಪ್ರಶ್ನೆ ಕೇಳಿದವನನ್ನು ಬಿಡಲಾಗುತ್ತದೆಯೇ?

ಮುಂದಿನ ಕ್ರಿಸ್ಮಸ್ಸಿಗೆ ನಿನ್ನ ನಡುಮನೆ ತುಂಬ ಹಳಿ ಹಾಕಿದ್ದೆವು. ಮುರಿದ ಕೊಡೆಗಳ ಕಡ್ಡಿಯೇ ಹಳಿ, ಒಣಗಿದ ಕಾಫಿ ಕಡ್ಡಿಯೇ ಸ್ಲೀಪರ್, ಮಣ್ಣಲ್ಲಿ ಅದ್ದಿದ ಗೋಣಿಚೀಲವೇ ಸುರಂಗ. ಘಾಟಿಯಲ್ಲಿ ದೋಣಿಗಾಲಿನಿಂದ ಎಡಕುಮೇರಿಯವರೆಗಿನ ಒಂದೊಂದು ತಿರುವೂ ನಿನ್ನ ಕಾಲಿಗೆ ನೆನಪಿತ್ತು. ನಡುವೆ ನಿನ್ನ ಮನೆಯಾಕೆ ಸಿಸಿಲಕ್ಕನ ಗೋದಲಿ: ಹುಲ್ಲಿನ ಮಾಡು, ತೆಂಗಿನ ಚಿಪ್ಪಿನಲ್ಲಿ ಮೊಳೆಸಿದ ಭತ್ತ, ಮರಿಯಮ್ಮ, ಜೋಸೆಫ, ಕೂಸು. ಅದರ ಸುತ್ತ ನಮ್ಮ ರೈಲು. ಬೋಗಿ ಮಾಡುವ ಜವಾಬ್ದಾರಿ ಯಸಳೂರು ಕಡೆಯ ಮಂಜೇಗೌಡನದು. ಅವನಿಗೆ ಎರಡೆಕರೆ ಕಾಫಿ, ಎರಡು ಊರಿಗಾಗುವಷ್ಟು ಬಾಯಿ. "ಹಣ್ಣು ಕುಯ್ಯಾಕೆ ಆಳಿಲ್ಲ, ನಾನಿಲ್ಲಿ ಬೋಗಿಗೆ ಬಣ್ಣ ಬಳೀತಾ ಕುಂತಿವ್ನಿ. ಮನೇಲಿ ನನ್ನೆಂಡ್ರು ಉಗೀತಾವ್ಳೆ ಕಣ್ರೋ" ಅನ್ನುತ್ತಲೇ ಸಿಸಿಲಕ್ಕನ ತಟ್ಟೆಯ ಹಬ್ಬದ ತಿಂಡಿ, ನೆವರಿ, ಗುಳಿಯೋ ಎಲ್ಲ ಖಾಲಿ ಮಾಡುತ್ತಿದ್ದ. ಗೋದಲಿಯ ಪಕ್ಕದಲ್ಲೇ ರೈಲು ಬಿಡುವುದು ಸರಿಯೇ ಎಂದು ಅವನು ಕೇಳಿದ್ದಕ್ಕೆ ನೀನು ಕೊಟ್ಟ ಉತ್ತರ ನೆನಪಿದೆಯೇ? "ಕೂಸನ್ನು ನೋಡ್ಲಿಕ್ಕೆ ಮೂರು ರಾಜರು ಒಂಟೆ ಹತ್ತಿದ್ದು ರಿಸರ್ವೇಶನ್ ಸಿಗದೆ ಮಾರಾಯ. ನಮ್ಮ ರೈಲಿದ್ರೆ ಆ ಕಷ್ಟ ಎಂತಕ್ಕೆ?" ಕಾಫಿ ರೇಟು, ಅಳಿಯಂದಿರ ಕಾಟ, ಸೊಂಟನೋವು, ಬ್ರಾಡ್ ಗೇಜ್ ಹಳಿ ಎಲ್ಲಿಯವರೆಗೆ ಬಂತು, ಹೀಗೆ ಮಾತಾಡುತ್ತಾ ಮಧ್ಯಾಹ್ನದ ಊಟ ಆರಿಹೋಗುತ್ತಿತ್ತು.

ಈಗ ನಿನಗೆ ಹೇಳದೆ ಇದ್ದ ಒಂದು ವಿಷಯ. ಆ ಇಂಜಿನ್ನಿನ ತಳದ ತಗಡಿನ ಹೊರಮೈಯಲ್ಲಿ, ಸ್ಕ್ರೂ ಪಕ್ಕ, ನಾನೊಂದು ಗೀರು ಹಾಕಿದ್ದೆ. ಎರಡು ಅಡ್ಡ, ಒಂದು ಓರೆ. ಮಾಡಿದ ದಿನವಲ್ಲ, ನಿನ್ನ ಮನೆಗೆ ಮೊದಲ ಸಲ ತರುವ ಹಿಂದಿನ ದಿನ. ಯಾಕೆ ಅಂದರೆ... ಬದಲಾದರೆ ಗೊತ್ತಾಗಲಿ ಅಂತ. ನೀನು ಬದಲಾಯಿಸುತ್ತೀಯ ಅಂತ ಅಲ್ಲ. ಸರಿ, ನೀನು ಬದಲಾಯಿಸಬಹುದು ಅಂತಲೇ. ಸುಳ್ಳು ಹೇಳಿ ಈಗೇನು ಸಿಗಬೇಕು ನನಗೆ? ಪ್ರತಿ ವರ್ಷ ಹಬ್ಬ ಮುಗಿದ ಮೇಲೆ ಇಂಜಿನ್ ಅಂಗಡಿಗೆ ತಂದು, ಒಬ್ಬನೇ ಕೂತು, ಮೊದಲು ಗೀರು ನೋಡಿ ಆಮೇಲೆ ತಳ ಬಿಚ್ಚಿ ಸೆಲ್ ತೆಗೆದಿಡುತ್ತಿದ್ದೆ.

ಒಂದು ವರ್ಷ ಮಾತ್ರ ತರಲಿಲ್ಲ. ಮಂಜೇಗೌಡನ ಜೀಪು ಹೊರಗೆ ಹಾರ್ನ್ ಹೊಡೆಯುತ್ತಿತ್ತು, ನೀನು "ಈ ಸಲ ಇಲ್ಲೇ ಇರ್ಲಿ ಮಾರಾಯ, ಬಂದವ್ರಿಗೆ ತೋರಿಸ್ತೇನೆ" ಅಂದೆ. ಬೇಡ ಅಂದರೆ ಅನುಮಾನ ಅಂತಾಗುತ್ತದೆ, ಹ್ಞೂಂ ಅಂದೆ. "ಸೆಲ್ ತೆಗ್ದಿಟ್ಟಿಯಾ? ಆ ಸಣ್ಣ ಸ್ಕ್ರೂ ಬಿಚ್ಲಿಕ್ಕೆ ನನ್ನ ಕೈಗೆ ಆಗುದಿಲ್ಲ" ಎಂದು ನೀನು ಕೇಳಿದೆ. ನಿನ್ನ ಎದುರಿಗೆ ತಿರುಗಿಸಿ ಬಿಚ್ಚಿದರೆ ನೀನು ಕನ್ನಡಕ ಏರಿಸಿಕೊಂಡು ಬಗ್ಗುತ್ತೀಯ, ಇದೆಂತ ಗೀರು ಅನ್ನುತ್ತೀಯ. "ಆಗ್ಲೇ ತೆಗೆದ್ನಲ್ಲಣ್ಣ" ಅಂದುಬಿಟ್ಟೆ. ತೆಗೆದಿರಲಿಲ್ಲ. ಜೀಪು ಹತ್ತುವಷ್ಟರಲ್ಲಿ ಆ ಸುಳ್ಳು ಮರೆತೇ ಹೋಯಿತು.

ಆ ಮಳೆಗಾಲ ಕಳೆದ ಮೇಲೆ ಮಂಜೇಗೌಡ ಅಂಗಡಿಗೆ ಬಂದು ಬೆಂಚಿನ ಮೇಲೆ ಕೂತ. "ಲಾರೆನ್ಸಣ್ಣನ ಮನೇಗೆ ಬೆಂಗ್ಳೂರಿಂದ ಯಾವನೋ ಬಂದಿದ್ನಂತೆ ಕಣೋ, ಹಳಿ ಮ್ಯಾಲೆ ನಡ್ಯಾಕೆ ಬರ್ತಾರಲ್ಲ, ಅಂತೋನು. ನಿನ್ ಇಂಜಿನ್ ನೋಡಿ, ಇದ್ನ ನಂಗೇ ಕೊಡಿ ಅಂತ ಕಾಲಿಗ್ ಬೀಳಾದೊಂದು ಬಾಕಿಯಂತೆ."

"ಕೊಟ್ಬುಟ್ನಾ?" ಅಂದೆ.

"ಏಯ್, ಹಂಗೆಲ್ಲಾರ ಕೊಟ್ಟಾನಾ?" ಎಂದು ನಕ್ಕ. ಆ ನಗು ನನಗೆ ಸರಿಯಾಗಿ ಕಾಣಲಿಲ್ಲ. ಅವನಿಗೂ ಏನೋ ಗೊತ್ತಿದೆ, ಮುಚ್ಚಿಡುತ್ತಿದ್ದಾನೆ ಅನ್ನಿಸಿತು.

ಆ ಕ್ರಿಸ್ಮಸ್ಸಿಗೆ ನಾನು ಬಂದದ್ದು ಹಬ್ಬಕ್ಕಲ್ಲ, ತಪಾಸಣೆಗೆ. ನೀನು ಇಗರ್ಜಿಯ ಪೂಜೆ ಮುಗಿಸಿ ಹೊಸ ಅಂಗಿಯಲ್ಲಿ ಬಾಗಿಲಲ್ಲೇ ಕಾಯುತ್ತಿದ್ದೆ. "ಹೊಸ ಸೆಲ್ ಹಾಕಿದ್ದೇನೆ, ಬಿಡು ನೋಡುವ" ಅಂದೆ. ಸ್ಕ್ರೂ ಬಿಚ್ಚಲು ಬರದವನು ಸೆಲ್ ಹಾಕಿದ್ದು ಹೇಗೆ? ಇಂಜಿನ್ ಬಿಟ್ಟೆವು. ಸದ್ದು ಬೇರೆ. ನನ್ನದು ಟಿಕಟಿಕ ಎನ್ನುತ್ತಾ ಓಡುತ್ತಿತ್ತು, ಇದು ದಪ್ಪ ದನಿಯಲ್ಲಿ ಗುರುಗುಟ್ಟಿತು. ನೀನು ಕಾಫಿ ತರಲು ಒಳಗೆ ಹೋದಾಗ ತಿರುಗಿಸಿ ನೋಡಿದೆ. ಕಪ್ಪು ಬಣ್ಣ ಬಳಿದ ತಳ ನುಣ್ಣಗಿತ್ತು. ಗೀರಿಲ್ಲ. ಆ ಗಳಿಗೆ ಇನ್ನೂ ನೆನಪಿದೆ ಲಾರೆನ್ಸಣ್ಣ. ನಿಜ ಹೇಳಲಾ? ಅದರಲ್ಲಿ ಅರ್ಧ ಸಂಕಟ, ಅರ್ಧ ಖುಷಿ. ಹಿಡಿದೆ ಕಳ್ಳನನ್ನ, ಅನ್ನುವ ಖುಷಿ.

"ಎಂತ ಹುಡುಕ್ತಿ?" ಅನ್ನುತ್ತಾ ನೀನು ಲೋಟ ಹಿಡಿದು ಬಂದೆ.

"ಏನಿಲ್ಲ. ನನ್ನ ಇಂಜಿನ್ನು ಯಾವತ್ತೂ ಹಿಂಗೆ ಓಡ್ತಿರ್ಲಿಲ್ಲ."

ನೀನು ಒಂದು ಗಳಿಗೆ ನನ್ನನ್ನೇ ನೋಡಿದೆ. "ಅದ್ಕೆ ಎಂತಾಗಿದೆ? ಚೆನ್ನಾಗೇ ಓಡ್ತಾ ಉಂಟಲ್ಲ. ಬೇಕಾದ್ರೆ ತಗೊಂಡೋಗಿ ಬಿಚ್ಚಿ ನೋಡು" ಅಂದೆ. ಎಷ್ಟು ಧೈರ್ಯ ನೋಡು ಇವನಿಗೆ, ಅಂದುಕೊಂಡೆ. ಒಂದು ನೆವರಿಯನ್ನೂ ಮುಟ್ಟಲಿಲ್ಲ. ಇಂಜಿನ್ನನ್ನು ಪೇಪರಿನಲ್ಲಿ ಸುತ್ತಿಕೊಂಡು ಹೊರಟೆ. ಸಿಸಿಲಕ್ಕ "ಊಟ ಮಾಡ್ಕೊಂಡು ಹೋಗಿ ಶಿವಣ್ಣ, ಎಂತ ಅರ್ಜೆಂಟು?" ಎಂದು ಗೇಟಿನವರೆಗೂ ಬಂದರು. ಹೊಟ್ಟೆ ಸರಿಯಿಲ್ಲ ಅಂದೆ.

ಆ ಪೊಟ್ಟಣ ಅಂಗಡಿಯ ಅಟ್ಟದ ಮೇಲೆ ಸಾಕ್ಷಿ ಅಂತ ಕೂತಿತು. ಯಾರ ವಾಚು ಬಂದರೂ ಮೊದಲು ಹಿಂದೆ ಬಿಚ್ಚಿ ನೋಡುವವನು ನಾನು, ಅದೊಂದನ್ನು ಬಿಚ್ಚಲಿಲ್ಲ. ನಕಲಿ ಮಾಲಿನ ಹೊಟ್ಟೆಯಲ್ಲಿ ಏನಿದ್ದರೆ ನನಗೇನು ಎಂಬ ಸೊಕ್ಕು. ಮುಂದಿನ ಕ್ರಿಸ್ಮಸ್ಸಿಗೆ ನೀನು ಎರಡು ಸಲ ಫೋನ್ ಮಾಡಿದೆ. ಒಂದು ಸಲ ನಾನು ಆಲೂರಿನಲ್ಲಿ ಮದುವೆ ಅಂದೆ, ಇನ್ನೊಂದು ಸಲ ನಿನ್ನ ನಂಬರ್ ನೋಡಿ ರಿಸೀವರ್ ಎತ್ತಲೇ ಇಲ್ಲ. ಆಮೇಲೆ ಈ ಸೆಪ್ಟೆಂಬರಿನಲ್ಲಿ ಮಂಜೇಗೌಡನ ಫೋನು. "ಲಾರೆನ್ಸಣ್ಣ ಹೋಗ್ಬುಟ್ಟ ಕಣೋ. ಬೆಳಿಗ್ಗೆ ಕಾಫಿ ಕುಡೀತಾ ಕುಂತೋನು ಹಂಗೇ..." ಮಣ್ಣಿಗೆ ಬಂದಿದ್ದೆ. ಎಲ್ಲರೂ ಅಳುತ್ತಿದ್ದರು. ನನ್ನ ಕಣ್ಣು ಜನರ ನಡುವೆ ಆ ಬೆಂಗಳೂರಿನವನನ್ನು ಹುಡುಕುತ್ತಿತ್ತು. ಥೂ, ಇಂಥವನೂ ಒಬ್ಬ ಮನುಷ್ಯನೇ!

ಮೊನ್ನೆ ಸಿಸಿಲಕ್ಕ ನಿನ್ನ ಗೋಡೆ ಗಡಿಯಾರ ಹಿಡಿದು ಅಂಗಡಿಗೆ ಬಂದರು. ಕಪ್ಪು ಸೀರೆ. ಕೂತು ಸುಧಾರಿಸಿಕೊಂಡು, "ಈ ಸಲ ಹಬ್ಬ ಇಲ್ಲ. ಗೋದಲಿ ಮಾತ್ರ ಇಡ್ತೇನೆ. ಇಂಜಿನ್ ನಿಮ್ಮ ಹತ್ರ ಉಂಟಲ್ಲ, ತನ್ನಿ" ಅಂದರು.

ನನಗೆ ತಡೆಯಲಾಗಲಿಲ್ಲ. "ಅದು ನಂದಲ್ಲ ಅಕ್ಕ. ನನ್ನದನ್ನ ಆ ಬೆಂಗ್ಳೂರೋನು ತಗೊಂಡೋದ್ನಲ್ಲ" ಅಂದೆ.

ಅವರು ನನ್ನ ಮುಖವನ್ನೇ ನೋಡಿದರು. "ಯಾರು ಹೇಳಿದ್ದು ನಿಮಗೆ? ಅವನು ಕೇಳಿದ್ದು ಹೌದು. ಅದು ಶಿವಣ್ಣಂದು, ನಾನು ಕೊಡ್ಲಿಕ್ಕೆ ಯಾರು ಅಂತ ಕಳ್ಸಿಬಿಟ್ರು ಇವ್ರು. ಅದಾದ್ಮೇಲೆ ಒಂದಿನ ತೆಗೆದು ನೋಡ್ತಾರೆ, ಒಳಗಿನ ಸೆಲ್ ಸೋರಿ ತಳದ ತಗಡೆಲ್ಲ ತಿಂದು ಹಾಕಿತ್ತು. ಒಂದು ತಿಂಗಳು ಕೂತ್ರು ಮಾರಾಯ್ರೆ! ಸಣ್ಣ ಸ್ಕ್ರೂಡ್ರೈವರ್ ತಂದ್ರು, ಡ್ಯೂಟಿಗೆ ಒಯ್ತಿದ್ದ ಬುತ್ತಿ ಡಬ್ಬಿಯ ಮುಚ್ಚಳ ಕತ್ತರಿಸಿ ತಳ ಮಾಡಿದ್ರು. ಎರಡು ಬೆರಳು ಕೊಯ್ದುಕೊಂಡ್ರು. ಶಿವಣ್ಣನಿಗೆ ಹೇಳಿ, ಅವರೇ ಮಾಡ್ತಾರೆ ಅಂದೆ. ಬೇಡ, ಸೆಲ್ ತೆಗ್ದಿದ್ದೇನೆ ಅಂದಿದ್ದ ಪಾಪ, ಮರ್ತಿದ್ದಾನೆ, ಹೇಳಿದ್ರೆ ನಾಚಿಕೊಳ್ತಾನೆ ಅಂದ್ರು."

ದಿನಾ ಹತ್ತು ಜನರಿಗೆ 'ಸೆಲ್ ತೆಗೆದಿಡಿ, ಸೋರುತ್ತೆ' ಎಂದು ಬುದ್ಧಿ ಹೇಳುವ ಬಾಯಿ ಇದು.

ಸಿಸಿಲಕ್ಕ ಬಸ್ಸು ಹತ್ತಿದ ಮೇಲೆ ಅಟ್ಟದಿಂದ ಪೊಟ್ಟಣ ಇಳಿಸಿದೆ. ಎರಡು ವರ್ಷದ ಧೂಳು. ನಾಲ್ಕು ಸ್ಕ್ರೂ, ನಾಲ್ಕರ ತಲೆಯೂ ನಿನ್ನ ಒರಟು ಕೈಗೆ ಸಿಕ್ಕಿ ಸವೆದಿತ್ತು. ಒಳಗಿದ್ದದ್ದು ನನ್ನದೇ ಮೋಟಾರು, ನನ್ನದೇ ಅಲಾರಂ ಚಕ್ರ, ನಾನೇ ಬೆಸೆದ ತಂತಿ. ನಿನ್ನ ಹೊಸ ಸೆಲ್ಲುಗಳೂ ಸೋರಲು ಶುರುವಾಗಿದ್ದವು. ಅವನ್ನು ತೆಗೆದು, ತಳದ ಒಳಮೈ ಒರೆಸಿ, ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡೆ. ನಮ್ಮ ಕಸುಬಿನವರು ಗೀರುವ ಜಾಗದಲ್ಲೇ ನೀನು ಸೂಜಿಮೊನೆಯಲ್ಲಿ ಗೀರಿದ್ದೆ. ಮೊದಲು ಎರಡು ಅಡ್ಡ, ಒಂದು ಓರೆ. ಅದರ ಕೆಳಗೆ ಸೊಟ್ಟ ಅಕ್ಷರದಲ್ಲಿ: 'ಇದು ನಿಂದೇ ಮಾರಾಯ.'

ಹಾಗಾದರೆ ನೀನು ನನ್ನ ಗೀರು ನೋಡಿದ್ದೆ. ಅದು ಯಾಕಿದೆ ಅಂತಲೂ ನಿನಗೆ ಗೊತ್ತಾಗಿತ್ತು. ಗೀರುವಾಗ ನಗುತ್ತಿದ್ದೆಯಾ, ನೊಂದುಕೊಂಡಿದ್ದೆಯಾ? ಬಿಚ್ಚಿ ನೋಡು ಅಂದದ್ದು ಅದಕ್ಕೇನಾ? ಫೋನ್ ಮಾಡಿದ ಎರಡು ಸಲವೂ, ಬಿಚ್ಚಿದೆಯಾ ಎಂದು ಕೇಳುವುದಕ್ಕೇ... ನೇರವಾಗಿ ಬೈದಿದ್ದರೆ ಏನಾಗುತ್ತಿತ್ತು ನಿನಗೆ? ಕಪಾಳಕ್ಕೊಂದು ಕೊಟ್ಟಿದ್ದರೆ ಅಲ್ಲೇ ಕೂತು ಊಟ ಮಾಡುತ್ತಿದ್ದೆನಲ್ಲೋ! ಈಗ ನೋಡು, ಅರವತ್ತು ದಾಟಿದವನು ಅಂಗಡಿಯಲ್ಲಿ ಒಬ್ಬನೇ ಅಳುತ್ತಾ ಕೂತಿದ್ದೇನೆ, ಬಾಗಿಲು ಅರ್ಧ ಎಳೆದದ್ದು ಇದಕ್ಕೇ.

ನಿನಗೆ ಮುಟ್ಟದ ಸುದ್ದಿ ಒಂದಿದೆ. ಗೂಡ್ಸ್ ಗಾಡಿ ಓಡುವುದನ್ನು ನೀನೇ ನೋಡಿದ್ದೆ. ಈಗ ಘಾಟಿಯಲ್ಲಿ ಪ್ಯಾಸೆಂಜರ್ ರೈಲೂ ಬಿಟ್ಟರು. ಮಂಜೇಗೌಡ ಹಣ್ಣು ಕೊಯ್ಯುವುದು ಬಿಟ್ಟು ಹೋಗಿ ಬಂದ. "ಗಾಡಿ ದೊಡ್ಡದೈತೆ ಕಣೋ, ಆದ್ರೆ ತಿರುವೆಲ್ಲ ಲಾರೆನ್ಸಣ್ಣ ಹಾಕಿದ್ ಹಂಗೇ ಐತೆ" ಅಂದ. ಅವನ ಮಾತನ್ನು ನಂಬಿದ್ದೇನೆ. ಹೌದು, ನಾನೇ.

ನಾಡಿದ್ದು ಕ್ರಿಸ್ಮಸ್. ಇಂಜಿನ್ ತರುತ್ತೇನೆ. ನಿನ್ನ ಬುತ್ತಿ ಡಬ್ಬಿಯ ತಳದಲ್ಲೇ ಅದು ಗೋದಲಿ ಸುತ್ತಲಿ, ಆ ದಪ್ಪ ದನಿಯಲ್ಲೇ ಗುರುಗುಟ್ಟಲಿ. ಹಬ್ಬ ಮುಗಿದ ಮೇಲೆ ಅದು ನಿನ್ನ ಮನೆಯಲ್ಲೇ ಇರುತ್ತದೆ, ವರ್ಷವಿಡೀ. ಹೊರಡುವ ಮುಂಚೆ ಸೆಲ್ ತೆಗೆದಿಡುತ್ತೇನೆ ಲಾರೆನ್ಸಣ್ಣ. ಸಿಸಿಲಕ್ಕನ ಎದುರಿಗೆ, ಮಂಜೇಗೌಡನ ಎದುರಿಗೆ, ಇಂಜಿನ್ ತಿರುಗಿಸಿ, ತಳ ಬಿಚ್ಚಿ, ಒಳಗೆ ಬರೆದದ್ದನ್ನು ಅವರಿಗೆ ಓದಿ ಹೇಳಿ.

ನಿನ್ನ ಶಿವಣ್ಣ