ಮುಳಗಾಯಿ ಬಣ್ಣದ ಅಪ್ಪ

ಅಪ್ಪಾರ,

ಸಿಟ್ಟಿನಾಗ ಬರಿಯಾಕತ್ತೇನಿ, ಅದಕ್ಕ ಕ್ಷೇಮ-ಗೀಮ ಏನೂ ಕೇಳೂದಿಲ್ಲ. ಇವತ್ತ ನಿಮ್ಮ ಮಗನ ಮನ್ಯಾಗ ಜಗಳ ಆತು. ಹೊಲಕ್ಕಲ್ಲ, ಬಂಗಾರಕ್ಕಲ್ಲ. ನಿಮ್ಮ ಮಾರಿ ಯಾವ ಬಣ್ಣದ್ದು ಅನ್ನೋದಕ್ಕ! ನೀವು ತೀರಿಕೊಂಡು ವರ್ಷ ಆತಲ್ಲ, ವರ್ಷದ ಪೂಜಿಗೆ ಗ್ವಾಡಿ ಮ್ಯಾಲ ಯಾವ ಫೋಟೋ ಇರಬೇಕು ಅಂತ ನಾ ಒಂದ ಕಡೆ, ಮಲ್ಲಣ್ಣ ಒಂದ ಕಡೆ. ಹೂಂ, ಅವನ, ನವನಗರದಾಗ ಮನಿ ಕಟ್ಟಿಸಿದ ನಿಮ್ಮ ದೊಡ್ಡ ಮಗ. ಗೆದ್ದವರು ಯಾರು ಅಂತ ಕಡೀಕ ಹೇಳ್ತೇನಿ. ಮದಲ ನನ್ನ ಮಾತ ಪೂರಾ ಕೇಳ್ರಿ. ಜೀವ ಇದ್ದಾಗಂತೂ ಅರ್ಧಕ್ಕ ಎದ್ದ ಹೋಗ್ತಿದ್ರಿ.

"ಇಲ್ಲೆ ಬೆಳ್ಳಗ ತಗೀತಾರಂತಲ್ರಿ?" ದುರ್ಗದಬೈಲ್‌ದಾಗ ನಮ್ಮ ಸ್ಟುಡಿಯೋದ ಮೆಟ್ಟಲಾ ಹತ್ತಿ ಬಂದವರ ಮದಲನೇ ಮಾತ ಇದ ಇರ್ತಿತ್ತು, ನೆನಪೈತೇನ್ರಿ? ನೀವು ನಕ್ಕೋತ, "ಬರ್ರಿ ಬರ್ರಿ, ಹಾಲಿನಂಗ ತಗೀತೇನಿ" ಅಂತಿದ್ರಿ. ಕನ್ನಡಿ ಮುಂದ ಪೌಡರ್ ಡಬ್ಬಿ, ಗೂಟಕ್ಕ ಬಂದವರಿಗೆಲ್ಲಾ ಹಾಕೂ ಒಂದ ಕರೀ ಕೋಟು, ಎರಡೂ ಲೈಟು ಎದುರಿಂದ ಮಾರಿ ಮ್ಯಾಲ. ಅರ್ಧಾ ಹುಬ್ಬಳ್ಳಿ ಗಂಡಸರು ಆ ಒಂದ ಕೋಟ ಹಾಕ್ಕೊಂಡು ತಮ್ಮ ತಮ್ಮ ಮನಿ ಗ್ವಾಡಿ ಮ್ಯಾಲ ಕುಂತಾರ. ಎದುರಿಂದ ಅಷ್ಟ ಬೆಳಕ ಹೊಡದ್ರ ಮೂಗ ಎಲ್ಲೆ ಉಳೀತೈತಿ, ಗಲ್ಲ ಎಲ್ಲೆ ಉಳೀತೈತಿ? ಸುಣ್ಣಾ ಬಳದ ಗ್ವಾಡಿಗೆ ಎರಡ ಕಣ್ಣು, ಅಷ್ಟ. ಆದ್ರೂ ಮಂದಿ ಖುಷಿ ಆಗಿ ಹೋಗ್ತಿದ್ರು. ನಾ ಒಳಗ ಕುಂತು ಪ್ರಿಂಟ್ ಕತ್ತರಸ್ಕೋತ ನನ್ನ ಕೈ ನೋಡ್ಕೋತಿದ್ದೆ. ನಿಮ್ಮ ಕೈಯಿನ ಬಣ್ಣ ಅದು, ಬ್ಯಾರೆ ಯಾರದೂ ಅಲ್ಲ.

ಅಮ್ಮಿನಬಾವಿಯವರು ನನ್ನ ನೋಡಾಕ ಬಂದ ದಿನಾ ಮರತಿಲ್ಲ ನಾ, ಮರೆಯಂಗೂ ಇಲ್ಲ. ಅವರಿಗೆ ಕಳಿಸಿದ ಫೋಟೋ ನೀವ ಕೈಯಾರೆ ತಗದದ್ದು. ಪೌಡರ್ ಮ್ಯಾಲ ಪೌಡರ್, ಲೈಟಿನ ಮ್ಯಾಲ ಲೈಟು. ಗೌರಿ ಹುಣ್ಣಿವಿ ಸಕ್ಕರಿ ಗೊಂಬಿ ಆಗಿದ್ದೆ ನಾನು. ಅವಲಕ್ಕಿ ತಾಟ ಹಿಡಕೊಂಡು ಹೊರಗ ಬಂದ್ರ, ಹುಡುಗನ ಸೋದರತ್ತಿ ಕೈಯಾಗ ಆ ಫೋಟೋ ಹಿಡಕೊಂಡು ಕುಂತಿದ್ಲು. ನನ್ನ ನೋಡಿದ್ಲು, ಫೋಟೋ ನೋಡಿದ್ಲು. "ಇಕಿ ಅಕ್ಕ ಏನ್ರಿ? ಹುಡುಗೀನ ಕರೀರಲ್ಲ" ಅಂದ್ಲು. ನೀವು ಚಾದ ಕಪ್ಪಿನ್ಯಾಗ ಏನ ಹುಡುಕ್ತಿದ್ರಿ, ಅಪ್ಪಾರ? ಅವರು ಅವಲಕ್ಕಿ ತಿಂದ್ರು, ಕೈ ತೊಳಕೊಂಡ್ರು, ಹೋದ್ರು. ಫೋಟೋ ತಪ್ಪಾತು ಅಂತ ನೀವು ಅಂತೀರಿ ಅಂತ ಕಾದೆ. ನೀವು ಅಂದದ್ದೇನು? "ನಿನ್ನ ಮಾರಿಗೆ ನಾಕ ದಿನಾ ಮದಲ ಅರಿಷಿಣ ಹಚ್ಚಬೇಕಿತ್ತು." ಅಂದ್ರ ಫೋಟೋಕ್ಕ ಹೊಂದೂಹಂಗ ಮಾರಿ ರಿಪೇರಿ ಆಗಬೇಕಿತ್ತು!

"ಇನ್ನ ನನ್ನ ಫೋಟೋ ನಾನ ತಗೀತೇನಿ" ಅಂತ ಒದರಿದ್ದೆ ಅವತ್ತ. "ಯಾರು ಕಲಸ್ತಾರವಾ ನಿನಗ? ನಾ ಅಂತೂ ಕಲಸಂಗಿಲ್ಲ, ಹೆಣ್ಣಮಕ್ಕಳು ಲೈಟಿನ ವಾಯರ್ ಎಳದಾಡೂ ಕೆಲಸ ಅಲ್ಲ ಇದು" ಅಂದ್ರಿ. "ಪುಸ್ತಕ ಓದಿ ಕಲೀತೇನಿ" ಅಂದೆ. ನಕ್ಕಿರಿ, ನಕ್ಕಿರಿ, ಕೆಮ್ಮು ಬರೂತನಕ ನಕ್ಕಿರಿ. "ಪುಸ್ತಕ ಓದಿ ಫೋಟೋಗ್ರಾಫರ್ ಆಗಂಗಿದ್ರ ಗ್ರಂಥಾಲಯದ ಸಾಹೇಬ್ರು ಎಂದೋ ಸ್ಟುಡಿಯೋ ತಗೀತಿದ್ರು." ಆ ಮಾತ ನಮ್ಮ ಬೀದ್ಯಾಗೆಲ್ಲಾ ಹೇಳಿ ನಗಸಿದ್ರಿ. ಹೇಳ್ರಿ, ಈಗ ಯಾರ ನಗಬೇಕು?

ಧಾರವಾಡದ ಹಳೇ ಪುಸ್ತಕದ ಅಂಗಡ್ಯಾಗ ಮದಲನೇ ಪುಸ್ತಕ ಸಿಕ್ಕಾಗ ಅದಕ್ಕ ಮ್ಯಾಲಿನ ಹೊದಿಕೀನೂ ಇರಲಿಲ್ಲ. ಸ್ಟುಡಿಯೋದಾಗ ಬೆಳಕ ಹೆಂಗ ಹಾಕಬೇಕು ಅನ್ನೋದು, ಪೂರಾ ಇಂಗ್ಲೀಷು. ನನ್ನ ಇಂಗ್ಲೀಷು ನಿಮಗ ಗೊತ್ತ ಐತಿ. ಡಿಕ್ಷನರಿ ತೊಡಿ ಮ್ಯಾಲ ಇಟ್ಕೊಂಡು ಒಂದೊಂದ ಪುಟಾ ಅಗದೆ. ಅದರಾಗ ಒಂದ ಮಾತ ಓದಿ ನನಗ ಝುಮ್ ಅಂತು. ಕ್ಯಾಮೆರಾಕ್ಕ ಕರಿದು ಬಿಳಿದು ತಿಳಿಯಂಗಿಲ್ಲಂತ, ಜಗತ್ತೆಲ್ಲಾ ಬೂದಿ ಬಣ್ಣದ್ದ ಐತಿ ಅಂತ ಅದು ತಿಳಕೊಂಡಿರ್ತೈತಂತ. ಕರೇ ವಸ್ತು ಇಟ್ರ ತಾನ ತಿಳಿ ಮಾಡ್ತೈತಿ, ಬಿಳೇ ವಸ್ತು ಇಟ್ರ ತಾನ ಮಂಕ ಮಾಡ್ತೈತಿ. ಇದು ಕರಿದ ಐತಿ, ಕರಿದ ಇರಲಿ ಅಂತ ಹೇಳಬೇಕಾದಾಕಿ ನಾನು. ಅಷ್ಟ ವರ್ಷ ಸ್ಟುಡಿಯೋದಾಗ ಇದ್ದು ಆ ಮಾತ ಒಬ್ಬರ ಬಾಯಾಗೂ ನಾ ಕೇಳಿರಲಿಲ್ಲ.

ಅಡಗಿ ಮನಿ ಕಿಡಕಿ ಮುಂದ ಮುಳಗಾಯಿ ಇಟ್ಟು ಫೋಟೋ ತಗೀತಿದ್ದೆ, ನೋಡಿದ್ರಿ ನೀವು. ನೀವು ಊಟಾ ಮಾಡಿ ಮಲಗಿದಾಗ ಹಳೇ ಕ್ಯಾಮೆರಾ ತರ್ತಿದ್ದೆ, ಅದೂ ನಿಮಗ ಗೊತ್ತಿತ್ತು, ಗೊತ್ತಿಲ್ಲದಂಗ ಗೊರಕಿ ಹೊಡೀತಿದ್ರಿ. ಈ ಬದನಿಕಾಯೀನ ಯಾಕ ಅಂದ್ರ, ನನ್ನಂಗ ಕರಿದು, ನನ್ನಂಗ ಹೊಳೀತೈತಿ, ಮ್ಯಾಲ "ಬೆಳ್ಳಗ ತಗೀರಿ" ಅಂತ ಕೇಳಂಗಿಲ್ಲ. ಎದುರಿಂದ ಬೆಳಕ ಕೊಟ್ರ ಒಂದ ಕರೀ ಕಲೆ. ಬಗಲಿಂದ ಕೊಟ್ಟು, ಈ ಕಡೆ ನಿಮ್ಮ ಬಿಳೇ ಧೋತರ ಕಟ್ಟಿ ಬೆಳಕ ಹೊಳ್ಳಿಸಿದ್ರ... ಯವ್ವಾ! ಕರೀ ಬಣ್ಣದಾಗ ನೀಲಿ ಎಷ್ಟು, ಕೆಂಪ ಎಷ್ಟು, ದುಂಡಗ ಮೈ ತುಂಬಿ ಎದ್ದ ಬರ್ತಿತ್ತು. "ಫೋಟೋ ಆತೇನವಾ? ಎಣಗಾಯಿ ಮಾಡಬೇಕು" ಅಂತ ಅವ್ವ ಹಿಂದ ನಿಂತು ಕಾಯ್ತಿದ್ಲು. ಅವತ್ತ ನೀವು ಎಣಗಾಯಿ ಎರಡ ಸಲ ಹಾಕಿಸ್ಕೊಂಡು ತಿಂದ್ರಿ.

ಸ್ಟುಡಿಯೋಕ್ಕ ಕಂಪ್ಯೂಟರ್ ಬಂದ ದಿನಾ ಮಾತ್ರ ನಿಮ್ಮ ಮಾರಿ ನೋಡಬೇಕಿತ್ತು. ಮೌಸ್ ಮುಟ್ಟಾಕ ಚೇಳ ಮುಟ್ಟಿದಂಗ ಮಾಡ್ತಿದ್ರಿ. "ಗಿರಿಜಾ, ಇದು ಟೈಪಿಂಗ್ ಇದ್ದಂಗ, ನೀ ಮಾಡು" ಅಂದು ನನಗ ಖುರ್ಚಿ ಕೊಟ್ರಿ. ಹೆಣ್ಣಮಕ್ಕಳ ಕೆಲಸ ಅಲ್ಲ ಅಂದಿದ್ದು ಅವತ್ತ ಎಲ್ಲೆ ಹೋಗಿತ್ತೋ! ಅದಕ್ಕೂ ಒಂದ ದಪ್ಪ ಪುಸ್ತಕ ತಂದೆ. ಪುಸ್ತಕದಾಗಿನ ಸಾಫ್ಟ್‌ವೇರು ಅಜ್ಜ, ನಮ್ಮ ಕಂಪ್ಯೂಟರ್‌ದಾಗಿನದು ಮೊಮ್ಮಗ. ಅದು ಇಲ್ಲೆ ಒತ್ತು ಅನ್ನೋ ಕಡೆ ಇಲ್ಲೆ ಏನೂ ಇರ್ತಿರಲಿಲ್ಲ. ಹುಡುಕಿ ಹುಡುಕಿ ಒಂದೊಂದ ಕಲತೆ. ನೀವು ಖುರ್ಚಿ ಹಿಂದ ನಿಂತು ಒಂದ ಹಾಡು: "ಇನ್ನಷ್ಟ ಬೆಳ್ಳಗ ಮಾಡು, ಇನ್ನಷ್ಟು."

ಹೌದು, ಟೊಮ್ಯಾಟಿ ಕಾಕಾನ ಕತಿ ನೀವು ತಗದ ತಗೀತೀರಿ, ಅದಕ್ಕ ನಾನ ಹೇಳಿ ಬಿಡ್ತೇನಿ. ಮೈ ಬಣ್ಣ ಸರಿ ಮಾಡಾಕ ಕೆಂಪ ಇಷ್ಟಿರಬೇಕು, ಹಳದಿ ಇಷ್ಟಿರಬೇಕು ಅಂತ ಆ ಪುಸ್ತಕದಾಗ ಅಳತಿ ಕೊಟ್ಟಿದ್ರು. ಹೊಲದಿಂದ ನೆಟ್ಟಗ ಬಂದ ಒಬ್ಬ ಕಾಕಾನ ಫೋಟೋಕ್ಕ ಅದ ಅಳತಿ ಹಾಕಿದೆ. ಪ್ರಿಂಟ್ ಹೊರಗ ಬಂತು ನೋಡ್ರಿ, ಹಣ್ಣ ಟೊಮ್ಯಾಟಿಗೆ ಮೀಸಿ ಬಂದಂಗ! ಕಾಕಾ, "ಜ್ವರಾ ಬಂದೈತೇನ್ರಿ ನನಗ?" ಅಂತ ಕೇಳಿದ. ನೀವು ಹೊಟ್ಟಿ ಹಿಡಕೊಂಡು ನಕ್ಕು, "ನಿನ್ನ ಪುಸ್ತಕ ನಮ್ಮ ಮಂದೀನ ನೋಡಿಲ್ಲವಾ" ಅಂದ್ರಿ. ಖರೇ ಮಾತು. ಒಪ್ಪಿದೆ, ಈಗೂ ಒಪ್ಪತೇನಿ. ಆ ಪುಸ್ತಕದ ಮಾರಿ ಎಲ್ಲಾ ಹೊರದೇಶದವು. ಆದ್ರ ನಾ ಪುಸ್ತಕ ಒಗೀಲಿಲ್ಲ. ಅದರ ಪದ್ಧತಿ ಇಟ್ಕೊಂಡೆ, ಅಳತಿ ಬಿಟ್ಟೆ. ನನ್ನ ಕೈ ಫೋಟೋ ತಗದು, ಆ ಕೈಯನ್ನ ಪರದೆ ಬಾಜೂಕ ಹಿಡದು, ಎರಡೂ ಒಂದ ಬಣ್ಣಾ ಆಗೂತನಕ ಕುಂತೆ. ಅವತ್ತಿಂದ ನನ್ನ ಕೈನ ನನ್ನ ಅಳತಿ.

ನೀವು ಮದಿವಿ ಆರ್ಡರಿಗೆ ಹೋದ ದಿನಾ ಒಬ್ಬ ಹುಡುಗಿ ಬಂದಿದ್ಲು, ವರಗಳಿಗೆ ತೋರಸಾಕ ಫೋಟೋ ಬೇಕಂತ. ನನ್ನಕಿಂತಾ ಒಂದ ಕೈ ಕಪ್ಪು. "ಬೆಳ್ಳಗ ಬರ್ತೇನಲ್ರಿ?" ಅಂದ್ಲು. "ಇಲ್ಲ. ಛಲೋ ಬರ್ತಿ" ಅಂದೆ. ಪೌಡರ್ ಡಬ್ಬಿ ಎತ್ತಿಟ್ಟೆ, ಒಂದ ಲೈಟ್ ಆರಿಸಿದೆ, ಇನ್ನೊಂದ ಬಗಲಿಗೆ ಸರಿಸಿದೆ. ಪ್ರಿಂಟ್ ಕೈಗೆ ಕೊಟ್ಟಾಗ ಭಾಳೊತ್ತು ನೋಡಿ, "ನಾ ಹಿಂಗ ಅದೇನೇನ್ರಿ ಅಕ್ಕಾರ?" ಅಂತ ಕೇಳಿದ್ಲು. "ಹಿಂಗ ಅದಿ" ಅಂದೆ. ಒಂದ ಪ್ರಿಂಟ್ ಮೇಜಿನ ಮ್ಯಾಲ ಉಳದಿತ್ತು, ನೀವು ಬಂದವರ ಎತ್ತಿಕೊಂಡ್ರಿ. ಬೈತೀರಿ ಅಂತ ಸೊಂಟಾ ಕಟ್ಟಿ ನಿಂತಿದ್ದೆ. ಚಷ್ಮಾ ಒರಸಿದ್ರಿ, ಬಾಗಲಕ್ಕ ಹೋಗಿ ಬಿಸಲಾಗ ಹಿಡದು ನೋಡಿದ್ರಿ. "ಮೂಗು ಛಲೋ ಬಂದೈತಿ" ಅಂದ್ರಿ. ಅಷ್ಟ! ಬರೇ ಮೂಗೇನ್ರಿ? ಹೊಗಳಾಕ ಅಷ್ಟ ಜಿಪುಣತನ ಯಾಕಿತ್ತು ನಿಮಗ? ನಾ ಅವತ್ತ ಒಳಗ ಹೋಗಿ ಅತ್ತೆ.

ಕರೆಂಟ್ ಹೋದ ಒಂದ ಮಧ್ಯಾಹ್ನ ನೀವು ಸ್ಟುಡಿಯೋ ಬಾಗಲದಾಗ ಕುಂತಿದ್ರಿ. ಎದುರಿನ ಅರಬಿ ಅಂಗಡಿಯವರು ಬಿಳೇ ಬಟ್ಟಿ ತಾನ ಬಿಚ್ಚಿ ಬಿಸಲಾಗ ಹಿಡದಿದ್ರು, ಅದರ ಬೆಳಕ ಹೊಳ್ಳಿ ನಿಮ್ಮ ಮಾರಿ ಮ್ಯಾಲ ಬಗಲಿಂದ ಬಿದ್ದಿತ್ತು. ಚಷ್ಮಾ ಹಣಿ ಮ್ಯಾಲ, ಅಂಗಿ ಮ್ಯಾಲಿನ ಗುಂಡಿ ಬಿಚ್ಚಿತ್ತು, ಯಾರಿಗೋ ಏನೋ ಹೇಳಿ ಅರ್ಧಾ ನಕ್ಕಿದ್ರಿ. ತಗದ ಬಿಟ್ಟೆ. "ಏ, ನನ್ನ ಯಾಕ ತಗೀತಿ? ಕರ್ರಗ ಬರ್ತೇನಿ. ಅಳಿಸ ಅದನ್ನ" ಅಂದ್ರಿ. ಊರ ಮಂದೀನೆಲ್ಲಾ ಕೂಡ್ರಿಸಿ ತಗದ ನೀವು ಒಂದ ಸಲಾನೂ ಆ ಖುರ್ಚಿ ಮ್ಯಾಲ ಕೂಡಲಿಲ್ಲ. ಯಾಕ ಅಂತ ನನಗ ಅವತ್ತ ತಿಳೀತು. ನಿಮಗೂ ಯಾರೋ ಎಂದೋ ಏನೋ ಅಂದಿದ್ರು, ಹೌದಿಲ್ಲೋ? "ಆತ್ರಿ, ಅಳಸ್ತೇನಿ" ಅಂದೆ. ಅಳಿಸಲಿಲ್ಲ.

ನೀವು ಹೋದಾಗ ಆ ಫೋಟೋ ತಗದು ನೋಡೂ ಧೈರ್ಯ ನನಗ ಆಗಲಿಲ್ಲ. ಕಾರ್ಯದ ದಿನಕ್ಕ ಫೋಟೋ ಬೇಕಂತ ಮಲ್ಲಣ್ಣ ನಿಮ್ಮ ಆಧಾರ್ ಕಾರ್ಡಿನ ಫೋಟೋ ತಗೊಂಡು ಬ್ಯಾರೆ ಸ್ಟುಡಿಯೋಕ್ಕ ಹೋದ. ಅವರು ನಿಮಗ ಹಾಲಿನಂಗ ಬಣ್ಣಾ ಬಳದು, ಕೊಳ್ಳಾಗ ಕೋಟು-ಟೈ ಕೂಡ್ರಿಸಿ ಕೊಟ್ರು. ನೀವು ಮಂದಿಗೆ ಮಾಡಿದ್ದು ನಿಮಗ ಹೊಳ್ಳಿ ಬಂತು ನೋಡ್ರಿ. ಆ ಫೋಟೋ ವರ್ಷ ಪೂರ್ತಿ ನವನಗರದ ಮನಿ ಗ್ವಾಡಿ ಮ್ಯಾಲಿತ್ತು. ಅಲ್ಲೇ ಇರೋ ಅವ್ವ ದಿನಾ ಹೂ ಏರಸ್ತಿದ್ಲು, ಕೈ ಮುಗೀತಿದ್ಲು, ಸುಮ್ಕ ಒಳಗ ಹೋಗ್ತಿದ್ಲು. ಜೀವನಾ ಪೂರ್ತಿ ನಿಮ್ಮ ಕೂಡ ವಟವಟಾ ಅಂದಾಕಿ, ಆ ಫೋಟೋದ ಮುಂದ ಒಂದ ಅಕ್ಷರ ಮಾತಾಡಲಿಲ್ಲ. ಒಮ್ಮೆ ನನ್ನ ಕಿವ್ಯಾಗ, "ಯಾರೋ ಸಾಹೇಬ್ರು ಇದ್ದಂಗ ಅದಾರ" ಅಂದಿದ್ಲು.

ಇವತ್ತ ಮುಂಜಾನೆ ನನ್ನ ಪ್ರಿಂಟ್ ಚೌಕಟ್ಟ ಹಾಕಿಸಿ ತಗೊಂಡು ಹೋದೆ, ಆ ಮಧ್ಯಾಹ್ನದ್ದು. ಮಲ್ಲಣ್ಣ ನೋಡಿ, "ಏನ ಇದು? ಮಂದಿ ಬರ್ತಾರ ಮನಿಗೆ. ಊರಿಗೆಲ್ಲಾ ಬೆಳ್ಳಗ ಮಾಡಿದಾಂವನ್ನ ಮಗಳ ಕರ್ರಗ ಮಾಡಿ ತೂಗ ಹಾಕ್ಯಾಳ ಅಂತಾರ" ಅಂದ. "ನಾ ಮಾಡಿಲ್ಲಣ್ಣಾ, ಅವರು ಇದ್ದದ್ದ ಹಂಗ" ಅಂದೆ. "ಒಂದೀಟರ ತಿಳಿ ಮಾಡವಾ. ನಿನಗ ಬರ್ತೈತಲ್ಲ?" "ಬರ್ತೈತಿ. ಮಾಡಂಗಿಲ್ಲ." "ಹಂಗಾರ ಗ್ವಾಡಿಗೆ ಹಾಕಂಗಿಲ್ಲ. ಹೊಳ್ಳಿ ಒಯ್ಯಿ." ನನ್ನ ಕೈಯಾಗ ನೀವು, ಗ್ವಾಡಿ ಮ್ಯಾಲ ಆ ಕೋಟಿನ ಸಾಹೇಬ್ರು. ಅಪ್ಪಾರ, ಅಮ್ಮಿನಬಾವಿಯವರ ಮುಂದ ಅವಲಕ್ಕಿ ತಾಟ ಹಿಡದು ನಿಂತ ಆ ದಿನಾ ನೆನಪಾತು. ಅವತ್ತ ನಾ ಒಳಗ ಹೋಗಿದ್ದೆ. ಇವತ್ತ ನಿಮ್ಮನ್ನ ಒಳಗ ಕಳಸೂದಿಲ್ಲ ಅಂತ ಅಲ್ಲೇ ನಿಂತೆ, ಸರೀಲಿಲ್ಲ.

ಗದ್ದಲಾ ಕೇಳಿ ಅವ್ವ ಒಲಿ ಮುಂದಿಂದ ಎದ್ದು ಬಂದ್ಲು, ಕೈಯಾಗ ಹೋಳಿಗಿ ಕಣಕ ಹಂಗ ಇತ್ತು. ಚೌಕಟ್ಟ ನೋಡಿದ್ಲು. ನಿಂತ ಬಿಟ್ಲು. ಮಲ್ಲಣ್ಣ ಬಾಯಿ ತಗೀಬೇಕು ಅನ್ನೋದ್ರಾಗ, ಅವ್ವ ನಮ್ಮಿಬ್ಬರನ್ನೂ ಬಿಟ್ಟು ನೆಟ್ಟಗ ನಿಮಗ ಅಂದ್ಲು: "ಅಲ್ರೀ, ಆ ಗುಂಡಿ ಹಾಕ್ಕೋರಿ ಅಂತ ನಿಮಗ ಎಷ್ಟ ಸಲ ಹೇಳಬೇಕು? ಮನಿಗೆ ಮಂದಿ ಬರೂ ಹೊತ್ತು, ಒಂದೀಟರ ನಾಚಿಕಿ ಬ್ಯಾಡೇನು?" ಆಮ್ಯಾಲ ಚಷ್ಮಾಕ್ಕ ಬೈದ್ಲು, ಹೇಳದ ಕೇಳದ ಹೋದದ್ದಕ್ಕ ಬೈದ್ಲು, ಬೈಕೋತ ಬೈಕೋತ ಅಲ್ಲೇ ಕುಂತ ಅತ್ಲು. ಮಲ್ಲಣ್ಣ ತಾನ ಸ್ಟೂಲ್ ಹಾಕ್ಕೊಂಡು ಏರಿ, ಕೋಟಿನ ಫೋಟೋ ಇಳಿಸಿದ.

ನೀವು ಕೇಳದ ಸುದ್ದಿ ಇದು, ಅಪ್ಪಾರ. ವರ್ಷದ ಮ್ಯಾಲ ಅವ್ವ ನಿಮ್ಮ ಕೂಡ ಮಾತಾಡಿದ್ಲು, ಪುಸ್ತಕ ಓದಿ ಕಲತಾಕಿ ತಗದ ಫೋಟೋದ ಮುಂದ. ಮಂದಿ ಊಟಾ ಮಾಡಿ ಹೋದ ಮ್ಯಾಲ ಮಲ್ಲಣ್ಣ ಸಣ್ಣ ದನ್ಯಾಗ, "ಬಣ್ಣಾ ಹಂಗ ಇರಲಿ, ಆ ಗುಂಡಿ ಒಂದ ಹಾಕಿ ಬಿಡವಾ, ಕಂಪ್ಯೂಟರ್‌ದಾಗ ಆಗ್ತೈತಲ್ಲ?" ಅಂದ. ಆಗ್ತೈತಿ. ಚಾ ಕುಡಿಯೋದ್ರಾಗ ಮುಗಿಯೂ ಕೆಲಸ ಅದು. ಹಾಕಂಗಿಲ್ಲ. ಅವ್ವ ದಿನಾ ಬೈಲಿ.

ನಿಮ್ಮ ಬಣ್ಣದ ಮಗಳು,
ಗಿರಿಜಾ