ರಶ್ಮಿತಾಳಿಗೆ ಉಣ್ಣಿಸುವವಳು ಯಾವ ದೇಶದವಳು?

ಯಾರು ಸರಕಾರದ ಸಹಾಯಕ್ಕೆ ಅರ್ಹರು, ಯಾರು ಅಲ್ಲ ಎಂದು ತೀರ್ಮಾನಿಸುವ ಕುರ್ಚಿಯಲ್ಲಿ ಕುಳಿತಿರುವ ಮಾನ್ಯರೇ,

ಎಣ್ಮಕಜೆಯ ಇನೋಕಾ ಎಂಬವಳಿಗೆ ತಾವು ಕಳುಹಿಸಿದ ಪತ್ರ ತಲುಪಿದೆ. ಹಾಸಿಗೆ ಹಿಡಿದವರನ್ನು ಮನೆಯಲ್ಲಿಯೇ ನೋಡಿಕೊಳ್ಳುವವರಿಗೆ ಸಿಗುವ ತಿಂಗಳ ಸಹಾಯಕ್ಕಾಗಿ ಅವಳು ಹಾಕಿದ ಅರ್ಜಿಯನ್ನು, ಅರ್ಜಿದಾರಳು ಭಾರತೀಯ ಪ್ರಜೆಯಲ್ಲ ಎಂಬ ಕಾರಣಕ್ಕೆ ತಿರಸ್ಕರಿಸಿದ್ದೀರಿ. ಪತ್ರ ಇಲ್ಲಿನ ಸರಕಾರದ ಭಾಷೆಯಾದ ಮಲಯಾಳದಲ್ಲಿತ್ತು. ಅವಳಿಗೆ ಆ ಲಿಪಿ ಬಾರದ ಕಾರಣ ಓದಿ ಹೇಳಿದವಳು ನಾನು. ಹಾಗಾಗಿ ಉತ್ತರ ಬರೆಯುವ ಕೆಲಸವೂ ನನ್ನ ಪಾಲಿಗೆ ಬಂದಿದೆ. ಈ ಹಿಂದೆ ಎರಡು ಸಲ ಬರೆದಿದ್ದೆ. ಎರಡಕ್ಕೂ ಸ್ವೀಕೃತಿಯ ಚೀಟಿ ಬಂತು, ಉತ್ತರ ಬರಲಿಲ್ಲ. ಪತ್ರಿಕೆಯಲ್ಲಿ ಅಚ್ಚಾದರೆ ತಮ್ಮ ಕಣ್ಣಿಗೆ ಬಿದ್ದೀತು ಎಂಬ ಆಸೆಯಿಂದ ಮೂರನೆಯದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಮೂವತ್ತಮೂರು ವರ್ಷ ಅಂಗನವಾಡಿಯಲ್ಲಿ ಟೀಚರಾಗಿದ್ದವಳು. ಅರ್ಜಿ, ನಮೂನೆ, ದಾಖಲೆ ಎಂದರೆ ಎಂತದು ಎಂದು ನನಗೆ ಗೊತ್ತು. ನಿಯಮ ಇಲ್ಲದೆ ಸರಕಾರ ನಡೆಯುವುದಿಲ್ಲ ಎಂಬುದೂ ಗೊತ್ತು. ಆದರೆ ತಮ್ಮ ನಿಯಮ ಈ ಒಂದು ಮನೆಯೊಳಗೆ ಹೊಕ್ಕು ಏನು ಮಾಡಿತು ಎಂಬುದು ತಮಗೆ ಗೊತ್ತಿಲ್ಲ. ಅದನ್ನು ಹೇಳುತ್ತೇನೆ, ದಯವಿಟ್ಟು ಕೊನೆಯವರೆಗೆ ಓದಿ.

ನನ್ನ ಮನೆಯಿಂದ ಎರಡು ಮನೆ ಆಚೆ ಕಿನ್ನಿ ಎಂಬ ಹೆಂಗಸು ಇದ್ದಳು. ಗೇರುತೋಟದಲ್ಲಿ ಬೀಜ ಹೆಕ್ಕುವ ಕೆಲಸ. ಅವಳಿಗೆ ಇಬ್ಬರು ಮಕ್ಕಳು. ಹಿರಿಯವನು ಪ್ರವೀಣ್, ಕಿರಿಯವಳು ರಶ್ಮಿತಾ. ಗುಡ್ಡೆಯ ಗೇರುಮರಗಳಿಗೆ ಹೆಲಿಕಾಪ್ಟರಿನಲ್ಲಿ ಆಕಾಶದಿಂದ ಕೀಟನಾಶಕದ ಮದ್ದು ಬಿಡುತ್ತಿದ್ದ ವರ್ಷಗಳಲ್ಲಿ ಹುಟ್ಟಿದವಳು ರಶ್ಮಿತಾ. ಅವಳಿಗೆ ಈಗ ಮೂವತ್ತನಾಲ್ಕು. ಇದುವರೆಗೆ ಒಂದು ದಿನವೂ ತಾನಾಗಿ ಎದ್ದು ಕುಳಿತವಳಲ್ಲ, ಮಾತು ಬಂದದ್ದಿಲ್ಲ. ಆ ಮದ್ದು ಬಿಡುವಾಗ ಯಾರ ತಲೆಯ ಮೇಲೆ ಬೀಳಬೇಕು, ಅವರು ಯಾವ ದೇಶದ ಪ್ರಜೆ ಎಂದು ಯಾರೂ ಪರಿಶೀಲಿಸಿದ್ದು ನನಗೆ ನೆನಪಿಲ್ಲ. ಅರ್ಹತೆಯ ಪ್ರಶ್ನೆ ಹುಟ್ಟುವುದು ಸಹಾಯದ ಹೊತ್ತಿಗೆ ಮಾತ್ರ ಅಲ್ಲವೇ?

ಪ್ರವೀಣ್ ಮಸ್ಕತ್ತಿಗೆ ಹೋಗಿ ಡ್ರೈವರಾದ. ಅಲ್ಲಿ ಒಂದು ಮನೆಯಲ್ಲಿ ಕೆಲಸಕ್ಕಿದ್ದ ಶ್ರೀಲಂಕಾದ ಹುಡುಗಿ ಇನೋಕಾ. ಇಬ್ಬರೂ ಇಷ್ಟಪಟ್ಟು, ಅವಳ ಊರಿಗೆ ಹೋಗಿ, ಕಾಗದಪತ್ರ ಮಾಡಿಯೇ ಮದುವೆಯಾದರು. ೨೦೧೪ರಲ್ಲಿ ಪ್ರವೀಣ್ ಅವಳನ್ನು ಕರೆತಂದು ತಾಯಿಯ ಬಳಿ ಬಿಟ್ಟು ಮತ್ತೆ ಕೆಲಸಕ್ಕೆ ಹೋದ. ಊರು ಅವಳನ್ನು ಆರತಿ ಎತ್ತಿ ಸ್ವಾಗತಿಸಲಿಲ್ಲ. ನಾನೂ ಅಷ್ಟೆ. ಆ ವರ್ಷದ ಅಂಗನವಾಡಿ ಸರ್ವೆಯಲ್ಲಿ ಕಿನ್ನಿಯ ಮನೆಗೆ ಹೋದಾಗ ಇನೋಕಾ ಬಾಗಿಲಲ್ಲೇ ನಿಂತಿದ್ದಳು. ನಾನು ಅವಳನ್ನು ಲೆಕ್ಕಕ್ಕೆ ಹಿಡಿಯದೆ ಪುಸ್ತಕ ಮುಚ್ಚಿದೆ. ಈಕೆ ಎಷ್ಟು ದಿನ ಇದ್ದಾಳು ಎಂದು ಮನಸ್ಸಿನಲ್ಲಿ ಅಂದುಕೊಂಡಿದ್ದೆ. ತಮ್ಮನ್ನು ಪ್ರಶ್ನಿಸುವ ಮೊದಲು ನನ್ನ ತಪ್ಪನ್ನು ಒಪ್ಪಿಕೊಳ್ಳುವುದು ನ್ಯಾಯ.

ಅವಳು ಇದ್ದಳು. ಕಿನ್ನಿಯಿಂದ ತುಳು ಕಲಿತಳು, ಗಂಡನ ತಾಯಿಯನ್ನು ನಮ್ಮವರಂತೆಯೇ 'ಮಾಮಿ' ಎಂದು ಕರೆದಳು. ಕಿನ್ನಿ ತೋಟದ ಕೆಲಸಕ್ಕೆ ಹೋದಾಗ ರಶ್ಮಿತಾಳನ್ನು ನೋಡಿಕೊಳ್ಳುವುದು ಅವಳ ಕೆಲಸವಾಯಿತು. ರಶ್ಮಿತಾಳಿಗೆ ಉಣ್ಣಿಸುವುದನ್ನು ತಾವು ಕಂಡಿಲ್ಲ. ಗಂಜಿಯನ್ನು ನುಣ್ಣಗೆ ಹಿಸುಕಬೇಕು. ಕುತ್ತಿಗೆಗೆ ಮೊಣಕೈ ಕೊಟ್ಟು ತಲೆಯನ್ನು ಸ್ವಲ್ಪವೇ ಮುಂದಕ್ಕೆ ಬಾಗಿಸಿ ಹಿಡಿಯಬೇಕು. ಒಂದು ಚಮಚ ಗಂಟಲಿಳಿದದ್ದು ಖಾತ್ರಿಯಾದ ಮೇಲೆ ಇನ್ನೊಂದು. ಅವಸರ ಮಾಡಿದರೆ ಉಸಿರಿಗೆ ಸಿಕ್ಕಿಕೊಳ್ಳುತ್ತದೆ. ಒಂದು ಊಟಕ್ಕೆ ಮುಕ್ಕಾಲು ಗಂಟೆ. ಬೆನ್ನು ಹುಣ್ಣಾಗದಂತೆ ಎರಡೆರಡು ಗಂಟೆಗೆ ಮಗ್ಗುಲು ಬದಲಿಸಬೇಕು. ಹನ್ನೊಂದು ವರ್ಷದಲ್ಲಿ ರಶ್ಮಿತಾಳ ಬೆನ್ನಿನಲ್ಲಿ ಒಂದು ಹುಣ್ಣು ಎದ್ದದ್ದಿಲ್ಲ. ಮನೆಗೆ ಬರುವ ಪಾಲಿಯೇಟಿವ್ ನರ್ಸ್ ಈ ಮಾತನ್ನು ಬರೆದುಕೊಟ್ಟ ಕಾಗದ ಅರ್ಜಿಯೊಂದಿಗೆ ಇತ್ತು, ತಾವು ಅದನ್ನು ಓದಿದಿರೋ ತಿಳಿಯದು.

೨೦೨೧ರಲ್ಲಿ ಪ್ರವೀಣ್ ಮಸ್ಕತ್ತಿನಲ್ಲಿ ಹೃದಯಾಘಾತವಾಗಿ ತೀರಿಹೋದ. ಭಾರತೀಯನನ್ನು ಮದುವೆಯಾದವರು ಪೌರತ್ವಕ್ಕೆ ಅರ್ಜಿ ಹಾಕಬೇಕಾದರೆ ಏಳು ವರ್ಷ ಇಲ್ಲಿ ವಾಸವಿರಬೇಕಂತೆ. ಏಳಕ್ಕೆ ನಾಲ್ಕೇ ತಿಂಗಳು ಬಾಕಿ ಇತ್ತು. ಏಳು ತುಂಬಿದ ಮೇಲೆ ಅವಳು ಅರ್ಜಿ ಹಾಕಿದಳು. ಒಂದು ಕಿಟಕಿಯಲ್ಲಿ ಗಂಡನ ಸಹಿ ಎಲ್ಲಿ ಎಂದು ಕೇಳಿದರು. ಇನ್ನೊಂದರಲ್ಲಿ, ಮದುವೆಯ ಆಧಾರದಲ್ಲಿ ಕೇಳುವುದಾದರೆ ಮದುವೆ ಈಗಲೂ ಇರಬೇಕಲ್ಲ ಎಂದರು. ನಾಲ್ಕು ವರ್ಷದಿಂದ ಆ ಕಡತ ಪರಿಶೀಲನೆಯಲ್ಲಿದೆ. ಶ್ರೀಲಂಕಾದಲ್ಲಿರುವ ಅವಳ ಸ್ವಂತ ಅಣ್ಣ ಊರಿಗೆ ಬಂದುಬಿಡು ಎಂದು ಕರೆದ, ಟಿಕೆಟನ್ನೂ ಕಳುಹಿಸಿದ್ದ. ಅವಳು ಹೋಗಲಿಲ್ಲ. ಯಾಕೆ ಹೋಗಲಿಲ್ಲ ಎಂದು ನಾನೇ ಒಮ್ಮೆ ಕೇಳಿದ್ದೆ. ಮಾಮಿಗೆ ಪ್ರಾಯ ಆಯಿತಲ್ಲ ಟೀಚರ್ ಎಂದು ಹೇಳಿ ಬಟ್ಟೆ ಒಣಗಿಸಲು ಹೋದಳು.

ಕಳೆದ ಮಳೆಗಾಲದ ಆಟಿ ತಿಂಗಳಲ್ಲಿ ಕಿನ್ನಿಯೂ ತೀರಿಹೋದಳು. ಸಹಾಯ ಬರುತ್ತಿದ್ದುದು ಅವಳ ಹೆಸರಿಗೆ. ಅದನ್ನು ಈಗ ನೋಡಿಕೊಳ್ಳುತ್ತಿರುವವಳ ಹೆಸರಿಗೆ ಬದಲಿಸಬೇಕು, ಇಷ್ಟೇ ಕೆಲಸ. ನಾವಿಬ್ಬರೂ ತಮ್ಮ ಕಚೇರಿಗೆ ಬಂದೆವು. ಗುಮಾಸ್ತರು ನಮೂನೆಯನ್ನು ಓದಿ ಪೌರತ್ವದ ಕಾಲಮ್ಮಿನಲ್ಲಿ ಪೆನ್ನು ಊರಿದರು. ಒಳ್ಳೆಯ ಮನುಷ್ಯ, ಹೆಸರು ಬರೆದು ಅವರಿಗೆ ತೊಂದರೆ ಕೊಡುವುದಿಲ್ಲ. ಆಮೇಲೆ ನನ್ನ ಕಡೆಗೆ ಬಾಗಿ ಹೇಳಿದರು:

"ನಿಮ್ಮ ಹೆಸರು ಹಾಕುವ ಟೀಚರ್. ನೆರೆಕರೆಯವರು ನೋಡಿಕೊಳ್ಳುವುದು ಅಂತ ಬರೆದರೆ ಆಯ್ತು. ಯಾರು ಬಂದು ನೋಡ್ಲಿಕ್ಕೆ ಉಂಟು?"

ನಾನು ಒಪ್ಪಿದ್ದೆ, ಪೆನ್ನನ್ನೂ ಕೈಗೆ ತೆಗೆದುಕೊಂಡಿದ್ದೆ. ಇನೋಕಾ ನನ್ನ ಕೈ ಹಿಡಿದು ತುಳುವಿನಲ್ಲಿ ಹೇಳಿದ ಮಾತನ್ನು ಕನ್ನಡದಲ್ಲಿ ಬರೆಯುತ್ತೇನೆ: "ಬೇಡ ಟೀಚರ್. ಅವಳನ್ನು ಎತ್ತುವುದು ನಾನು. ಕಾಗದದಲ್ಲಿ ನೀವು ಎತ್ತುವುದು ಅಂತ ಆದರೆ, ನಾಳೆ ಯಾರಾದರೂ ಬಂದಾಗ ನಾನು ಆ ಮನೆಯಲ್ಲಿ ಎಂತ ಮಾಡ್ತಾ ಇದ್ದೇನೆ ಅಂತ ಹೇಳುವುದು?"

ಹಾಗೆ ಸತ್ಯವನ್ನೇ ಬರೆದೆವು. ಸತ್ಯ ಬರೆದದ್ದಕ್ಕೆ ಜನವರಿಯಲ್ಲಿ ತಮ್ಮ ಪತ್ರ ಬಂತು. ಸುಳ್ಳು ಬರೆದಿದ್ದರೆ ಸಹಾಯ ಬರುತ್ತಿತ್ತು. ತಾವು ಪ್ರಾಮಾಣಿಕತೆಯನ್ನು ಇಷ್ಟು ಚುರುಕಾಗಿ ಪತ್ತೆ ಹಚ್ಚಿ ಶಿಕ್ಷಿಸುತ್ತೀರಿ ಎಂದು ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ನಾವು ಹೇಗಾದರೂ ನಡೆಸಿಕೊಂಡು ಹೋಗುತ್ತಿದ್ದೆವು. ಅವಳು ಬೀಡಿ ಕಟ್ಟುತ್ತಾಳೆ, ನೆರೆಕರೆಯವರು ಅಕ್ಕಿ ಕೊಡುತ್ತಾರೆ. ಆದರೆ ತಮ್ಮ ಕಡತದಲ್ಲಿ ಇನ್ನೊಂದು ವಾಕ್ಯ ಸೇರಿಕೊಂಡಿತ್ತು, 'ರೋಗಿಗೆ ಅರ್ಹ ಪರಿಚಾರಕರಿಲ್ಲ' ಎಂದು. ಸಹಾಯಕ್ಕೆ ಅನರ್ಹಳಾದವಳು ನೋಡಿಕೊಳ್ಳಲೂ ಅನರ್ಹಳು ಎಂದು ಯಾರೋ ಅರ್ಥ ಮಾಡಿಕೊಂಡರು. ಫೆಬ್ರವರಿಯ ಒಂದು ಬೆಳಿಗ್ಗೆ, ರಶ್ಮಿತಾಳಿಗೆ ಉಣ್ಣಿಸುತ್ತಿರುವಾಗಲೇ, ಜೀಪು ಬಂತು. ಬಂದವರು ಮರ್ಯಾದೆಯಿಂದಲೇ ಮಾತಾಡಿದರು. ರೋಗಿಗೆ ಯಾರೂ ಇಲ್ಲದ ಕಾರಣ ಜಿಲ್ಲೆಯ ತೆಂಕು ತುದಿಯ ಒಂದು ಪಾಲನಾ ಕೇಂದ್ರಕ್ಕೆ ಕರೆದೊಯ್ಯಬೇಕು ಎಂದರು. ತಾನೂ ಬರುತ್ತೇನೆಂದಳು ಇನೋಕಾ.

"ನೀವು ಇವಳಿಗೆ ಎಂತ ಆಗಬೇಕು?"

"ಇವಳ ಅಣ್ಣನ ಹೆಂಡತಿ."

"ಅಣ್ಣ ಎಲ್ಲಿದ್ದಾರೆ?"

"ತೀರಿಹೋದರು."

"ಹಾಗಾದರೆ?" ಎಂದರು ಅವರು.

ಆ ಪ್ರಶ್ನೆಗೆ ತಮ್ಮ ಬಳಿ ಉತ್ತರವಿದ್ದರೆ ದಯವಿಟ್ಟು ತಿಳಿಸಿ. ಗಂಡ ಸತ್ತ ಮೇಲೆ ಒಬ್ಬ ಹೆಂಗಸು ತಾನು ಹನ್ನೊಂದು ವರ್ಷ ಬಾಳಿದ ಮನೆಗೆ ಎಂತ ಆಗುತ್ತಾಳೆ?

ರಶ್ಮಿತಾಳನ್ನು ಜೀಪಿಗೆ ಹತ್ತಿಸಲು ಅವರಿಗೆ ಆಗಲಿಲ್ಲ, ಮೈ ಬಿಲ್ಲಿನ ಹಾಗೆ ಸೆಟೆದುಕೊಂಡಿತು. ಕೊನೆಗೆ ಎತ್ತಿ ಕೂರಿಸಿದವಳು ಇನೋಕಾ. ತಲೆಗೆ ಬಟ್ಟೆಯ ಸಿಂಬಿ ಮಾಡಿ ಆನಿಸಿ, ಯಾವ ಮಗ್ಗುಲಿಗೆ ಎಷ್ಟು ಹೊತ್ತು ಎಂಬುದನ್ನೆಲ್ಲ ಅವರಿಗೆ ಎರಡೆರಡು ಸಲ ಹೇಳಿಕೊಟ್ಟಳು. ಜೀಪು ಹೋದ ಮೇಲೆ ಒಳಗೆ ಬಂದು, ಅರ್ಧ ಉಳಿದಿದ್ದ ಗಂಜಿಯ ಬಟ್ಟಲನ್ನು ತೊಳೆಯದೆ ಸುಮ್ಮನೆ ಹಿಡಿದುಕೊಂಡು ಕುಳಿತಳು. ಅವಳು ಅತ್ತದ್ದನ್ನು ನಾನು ನೋಡಲಿಲ್ಲ. ಅತ್ತವಳು ನಾನು.

ಹನ್ನೊಂದನೆಯ ದಿನ ಆ ಕೇಂದ್ರದ ನರ್ಸ್, ತೃಷಾ ಎಂಬ ಹುಡುಗಿ, ಫೋನು ಮಾಡಿದಳು. ಕೇಂದ್ರದವರನ್ನು ನಾನು ದೂರುವುದಿಲ್ಲ. ನಲವತ್ತು ಜನ ರೋಗಿಗಳಿಗೆ ಅಲ್ಲಿ ಮೂರು ಮಂದಿ, ಒಬ್ಬೊಬ್ಬರ ಊಟಕ್ಕೆ ಮುಕ್ಕಾಲು ಗಂಟೆ ಎಲ್ಲಿಂದ ತರುವುದು? ರಶ್ಮಿತಾ ಹಲ್ಲು ಕಚ್ಚಿ ಬಾಯಿ ಬಿಡುತ್ತಿಲ್ಲ, ಮೂಗಿಗೆ ಟ್ಯೂಬು ಹಾಕಿದ್ದೇವೆ, ಬೆನ್ನಿನಲ್ಲಿ ಹುಣ್ಣು ಆಗಿದೆ, ಅವಳ ಜನ ಯಾರಾದರೂ ಇದ್ದರೆ ಬೇಗ ಬರಲಿ ಎಂದಳು. ನಾವು ಸಿಕ್ಕಿದ ಬಸ್ಸು ಹತ್ತಿ ಹೋದೆವು. ಇನೋಕಾ ಬಾಗಿಲಲ್ಲಿ ನಿಂತು ಅವಳ ಹೆಸರು ಕರೆದಾಗ ರಶ್ಮಿತಾ ಕಣ್ಣು ತೆರೆದಳು. ಗಂಟಲಿನಿಂದ ಒಂದು ಸ್ವರ ಬಂತು. ಅದನ್ನು ನಗು ಎನ್ನಬೇಕೋ ಅಳು ಎನ್ನಬೇಕೋ ನನಗೆ ತಿಳಿಯಲಿಲ್ಲ, ಇನೋಕಾಳಿಗೆ ತಿಳಿಯಿತು.

ಮನೆಗೆ ಕರೆತರಲು ಸಹಿ ಬೇಕಿತ್ತು. ಇನೋಕಾಳ ಸಹಿ ನಡೆಯುವುದಿಲ್ಲ ಎಂದರು. ಭಾರತೀಯಳಾದ ನಾನು ಹಾಕಬಹುದಂತೆ. ಮಾನ್ಯರೇ, ನನಗೂ ರಶ್ಮಿತಾಳಿಗೂ ರಕ್ತಸಂಬಂಧವಿಲ್ಲ. ಅವಳನ್ನು ಒಂದು ಸಲವೂ ಸ್ನಾನ ಮಾಡಿಸಿದವಳಲ್ಲ ನಾನು. ನನ್ನ ಸೊಂಟ ನೋವಿಗೆ ಒಂದು ಕೊಡ ನೀರು ಎತ್ತಲಾಗುವುದಿಲ್ಲ. ಆದರೂ ನನ್ನ ಆಧಾರ್ ಕಾರ್ಡಿನ ನಕಲು ಇಟ್ಟುಕೊಂಡು, ಆರು ತಿಂಗಳ ಮಟ್ಟಿಗೆ ತಾತ್ಕಾಲಿಕ ಪೋಷಕಿ ಎಂದು ಒಂದೇ ನಿಮಿಷದಲ್ಲಿ ನನ್ನನ್ನು ನಂಬಿದರು. ಈ ಸಲ ಇನೋಕಾ ನನ್ನ ಕೈ ಹಿಡಿಯಲಿಲ್ಲ. ಮುಖ ತಿರುಗಿಸಿ ನಿಂತಳು. ಹಸಿವೆಯಿಂದ ಬಾಡಿದ ರಶ್ಮಿತಾಳ ಮುಖದ ಮುಂದೆ ಇನೋಕಾಳ ಹಟ ಮುರಿಯಿತು, ಮುರಿದವರು ನಾವು, ತಾವೂ ನಾನೂ.

ರಶ್ಮಿತಾ ಈಗ ಮನೆಯಲ್ಲಿದ್ದಾಳೆ. ಟ್ಯೂಬು ತೆಗೆದಾಗಿದೆ, ಬಾಯಿಯಿಂದಲೇ ಉಣ್ಣುತ್ತಾಳೆ. ಬೆನ್ನಿನ ಹುಣ್ಣು ಮಾತ್ರ ಇನ್ನೂ ಪೂರ್ತಿ ಮಾಗಿಲ್ಲ. ನನ್ನ ಸಹಿಯ ಅವಧಿ ಆಗಸ್ಟಿನಲ್ಲಿ ಮುಗಿಯುತ್ತದೆ. ಇನೋಕಾಳ ವೀಸಾದ ಅವಧಿಯೂ ಅದೇ ತಿಂಗಳು ಮುಗಿಯುತ್ತದೆ. ಈಚೆಗೆ ಅಂಗಳದಲ್ಲಿ ಯಾವ ಗಾಡಿಯ ಸದ್ದಾದರೂ ಅವಳು ಮಾಡುವ ಕೆಲಸ ಬಿಟ್ಟು ರಶ್ಮಿತಾಳ ಮಂಚದ ಬಳಿಗೆ ಹೋಗಿ ನಿಲ್ಲುತ್ತಾಳೆ. ಗ್ಯಾಸ್ ಸಿಲಿಂಡರಿನ ಗಾಡಿ ಬಂದರೂ ಹಾಗೆಯೇ.

ನಾನು ಕೇಳುವುದು ದಯೆಯನ್ನಲ್ಲ. ಸಹಾಯ ಇರುವುದು ರೋಗಿಗಾಗಿ, ರೋಗಿ ಈ ದೇಶದವಳು. ಆದ್ದರಿಂದ ಅವಳನ್ನು ನಿಜವಾಗಿ ನೋಡಿಕೊಳ್ಳುವವರು ಯಾರು ಎಂಬುದನ್ನು ಮನೆಗೆ ಬಂದು ಕಂಡು ಬರೆಯಿರಿ. 'ಅರ್ಹ ಪರಿಚಾರಕರಿಲ್ಲ' ಎಂಬ ವಾಕ್ಯವನ್ನು ಆ ಕಡತದಿಂದ ತೆಗೆಯಿರಿ. ಪೌರತ್ವ ಕೊಡುವುದು ತಮ್ಮ ಕೈಯಲ್ಲಿಲ್ಲ ಎಂದು ಬಲ್ಲೆ. ಆದರೆ ಈ ಹೆಂಗಸು ಇಲ್ಲಿ ಬೇಕಾದವಳು ಎಂದು ಮೇಲಿನವರಿಗೆ ನಾಲ್ಕು ಸಾಲು ಬರೆಯುವ ಅಧಿಕಾರ ತಮಗೆ ಉಂಟು. ಆಗಸ್ಟಿಗೆ ಮೊದಲು ಅದನ್ನು ಬರೆಯಿರಿ. ಬರೆಯಲಾಗದಿದ್ದರೆ, ಮುಂದಿನ ಸಲ ಜೀಪು ಕಳುಹಿಸುವಾಗ ತಾವೂ ಅದರಲ್ಲಿ ಬನ್ನಿ. ರಶ್ಮಿತಾಳಿಗೆ ಒಂದು ಹೊತ್ತು ಉಣ್ಣಿಸಿ ನೋಡಿ, ಆಮೇಲೆ ಕರೆದೊಯ್ಯಿರಿ.

ಇಂತಿ,
ತಮ್ಮ ದಾಖಲೆಯ ಪ್ರಕಾರ ರಶ್ಮಿತಾಳನ್ನು ಹಗಲಿರುಳೂ ಪಾಲಿಸುತ್ತಿರುವ, ನಿಜದಲ್ಲಿ ಸಂಜೆ ಒಮ್ಮೆ ಹೋಗಿ ಚಹಾ ಕುಡಿದು ಬರುವ
ವಸುಮತಿ
ನಿವೃತ್ತ ಅಂಗನವಾಡಿ ಟೀಚರ್, ಎಣ್ಮಕಜೆ