ಸರ್ವೆ ಕಲ್ಲಿಗೆ ಹಚ್ಚಿದ ಕುಂಕುಮ

ಮೇಷ್ಟ್ರೇ,

ನೀವು ಅಲ್ಲಿ ಹೇಗಿದ್ದೀರೋ, ಕೇಳುವ ದಾರಿ ಗೊತ್ತಿಲ್ಲ. ಇಲ್ಲಿ ನಾನು ಕ್ಷೇಮ ಅಂತ ಬರೆದರೆ ಸುಳ್ಳಾಗುತ್ತದೆ. ಸುಸ್ತಾಗಿದ್ದೇನೆ. ಬೆಳಿಗ್ಗೆಯಿಂದ ನಿಮ್ಮೂರ ಗುಂಡುತೋಪಿನಲ್ಲಿ ಲಂಟಾನ ಕಿತ್ತು, ಮೊಣಕೈ ತನಕ ಗೀರಿಸಿಕೊಂಡು, ಬಸ್ಸಿನಲ್ಲಿ ನಿಂತೇ ಪಟ್ಟಣಕ್ಕೆ ಬಂದು ಈಗ ಕೂತಿದ್ದೇನೆ. ಹೋದ ವರ್ಷ ಕಿತ್ತ ಜಾಗದಲ್ಲೇ ಮತ್ತೆ ಎದೆಯುದ್ದ ಬೆಳೆದಿದೆ, ಹಾಳಾದ್ದು. ಆದರೆ ಬರೆಯಲು ಕೂತದ್ದು ಅದನ್ನು ಹೇಳಲಿಕ್ಕಲ್ಲ. ನಮ್ಮಿಬ್ಬರಲ್ಲೇ ಇರಬೇಕಿದ್ದ ಆ ಕಲ್ಲಿನ ವಿಷಯವನ್ನು ನಿಮ್ಮೂರ ಸಭೆಯಲ್ಲಿ ಎದ್ದು ನಿಂತು ಹೇಳಿಬಿಟ್ಟೆ. ಯಾರಿಗೂ ಹೇಳುವುದಿಲ್ಲ ಅಂತ ನಿಮಗೆ ಮಾತು ಕೊಟ್ಟಿದ್ದವಳು ನಾನು. ಯಾಕೆ ಹೇಳಿದೆ ಅಂತ ಪೂರ್ತಿ ಕೇಳಿ, ಆಮೇಲೆ ಬೈಯಿರಿ.

ನೀವು ಮೊದಲ ಸಲ ನಮ್ಮ ಹೈಸ್ಕೂಲಿನ ಆಫೀಸಿಗೆ ಬಂದ ದಿನ ನೆನಪಿದೆಯಾ? ಪಂಚೆ ಎತ್ತಿ ಕಟ್ಟಿದ್ದಿರಿ, ಕಂಕುಳಲ್ಲಿ ಒಂದು ಪಿವಿಸಿ ಪೈಪಿನ ತುಂಡು. ನಲ್ಲಿ ರಿಪೇರಿಯವರು ಅಂದುಕೊಂಡು ನಾನು ತಲೆಯೂ ಎತ್ತದೆ ‘ಹಿಂದುಗಡೆ ಟ್ಯಾಂಕ್ ಹತ್ರ ಹೋಗಿ’ ಅಂದೆ. ನೀವು ಪೈಪಿನ ಮುಚ್ಚಳ ತೆಗೆದು ಒಳಗಿಂದ ಊರಿನ ಹಳೇ ನಕಾಶೆ ಎಳೆದು ನನ್ನ ಮೇಜಿನ ಮೇಲೆ ಹಾಸಿದಿರಿ. ‘ಸೋರ್ತಾ ಇರಾದು ನಲ್ಲಿ ಅಲ್ಲ ಕಣವ್ವ, ನಮ್ಮೂರ ತೋಪು. ನೀನು ಅರ್ಜಿ ಚೆನ್ನಾಗ್ ಬರಿತೀಯಂತೆ. ನಾನ್ ಬರದ್ರೆ ಅದು ಪಾಠ ಆಯ್ತದೆ, ಯಾವ ಆಫೀಸ್ನೋರೂ ಓದಲ್ಲ.’ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತರಾದವರ ಬಾಯಲ್ಲಿ ಆ ಮಾತು ಕೇಳಿ ನಗು ಬಂದು, ಬರೆದುಕೊಟ್ಟೆ. ಒಂದು ಅರ್ಜಿಗೆ ಅಂತ ಸಿಕ್ಕಿಕೊಂಡವಳು ಇವತ್ತಿಗೂ ಬಿಡಿಸಿಕೊಂಡಿಲ್ಲ ನೋಡಿ.

ಆ ಮೇಲಿನ ಭಾನುವಾರ ಕ್ಯಾತನಹಳ್ಳಿ ದಾಟಿ ನಿಮ್ಮೂರಿಗೆ ಇಳಿದಾಗ ತೋಪು ತೋರಿಸಿದಿರಿ. ಊರಿಗೆಲ್ಲ ಸೇರಿದ ನಾಲ್ಕು ಎಕರೆ, ಹೊಂಗೆ, ನೇರಳೆ, ಮೂಲೆಯಲ್ಲಿ ಆ ಮುದಿ ಇಪ್ಪೆ ಮರ. ಸುತ್ತ ಕಬ್ಬು. ಪಕ್ಕದ ಗದ್ದೆಯವರು ಉಳುವಾಗಲೆಲ್ಲ ಒಂದೊಂದು ಸಾಲು ಒಳಕ್ಕೆ ಸರಿಯುತ್ತ, ನಾಲ್ಕರಲ್ಲಿ ಮೂರೇ ಉಳಿದಿದೆ ಅಂದಿರಿ. ಕಿರಂಗೂರಿನ ನಂಜುಂಡಣ್ಣ, ಬಸ್ಸಿನ ಕಂಡಕ್ಟರ್ ಕೆಲಸ ಮುಗಿಸಿ ಮನೆಯಲ್ಲಿದ್ದವರು, ಆಗಲೇ ಮಚ್ಚು ಹಿಡಿದು ನಿಂತಿದ್ದರು. ಕೆ.ಆರ್. ಪೇಟೆಯಿಂದ ಇಬ್ಬರು, ನಾಗಮಂಗಲದಿಂದ ಮೂವರು. ನೀವು ಇಟ್ಟ ಹೆಸರು ‘ನೆಲ ಉಳಿಸೋ ಬಳಗ’. ‘ಬೆನ್ ಮುರಿಯೋ ಬಳಗ ಅನ್ನಿ ಮೇಷ್ಟ್ರೇ’ ಅಂದಿದ್ದರು ನಂಜುಂಡಣ್ಣ. ಈಗ ಉಳಿದಿರುವುದು ಅವರು ಮತ್ತು ನಾನು, ಇಬ್ಬರೇ. ಅವರಿಗೂ ಸಕ್ಕರೆ ಕಾಯಿಲೆ.

ಸರ್ವೆಯವರು ಬಂದ ದಿನ ನೀವು ಮದುವೆ ಮನೆಯ ಯಜಮಾನರ ಹಾಗೆ ಓಡಾಡಿದಿರಿ. ಎರಡು ವರ್ಷ ಅರ್ಜಿ ಹಾಕಿ, ಅಲೆದು, ಕೊನೆಗೂ ಚೈನು ಹಿಡಿದು ಅಳೆದು ನಾಲ್ಕು ಮೂಲೆಗೂ ಗಡಿ ಕಲ್ಲು ನೆಟ್ಟರು. ಎಲ್ಲರಿಗೂ ಮನೆಯಿಂದ ಉಪ್ಪಿಟ್ಟು ತರಿಸಿದ್ದಿರಿ. ವಾರ ಕಳೆಯುವಷ್ಟರಲ್ಲಿ ಇಪ್ಪೆ ಮರದ ಮೂಲೆಯ ಕಲ್ಲು ಮಾಯ. ನಾಲೆಯಲ್ಲಿ ಬಿದ್ದಿತ್ತು, ಎತ್ತಿ ತಂದು ನೆಟ್ಟೆವು. ಮತ್ತೆ ಮಾಯ. ಮತ್ತೆ ಹುಡುಕಿ ನೆಟ್ಟೆವು. ಮೂರನೇ ಸಲ ನೆಟ್ಟು ಮುಗಿಸಿ ನೀವು ಮರದ ಬುಡದಲ್ಲಿ ಕೂತಿರಿ. ಉಳಿದವರೆಲ್ಲ ಊಟಕ್ಕೆ ಹೋಗಿದ್ದರು. ಜುಬ್ಬದ ಜೇಬಿನಿಂದ ಒಂದು ಪೊಟ್ಟಣ ತೆಗೆದು ನನ್ನ ಕೈಗಿಟ್ಟಿರಿ.

‘ಇವ್ರು ಪೊಲೀಸ್ನೋರ್ಗೆ ಎದ್ರಲ್ಲ, ತಾಲೂಕ್ ಆಫೀಸ್ಗೂ ಎದ್ರಲ್ಲ. ಅರಿಶಿನ ಕುಂಕುಮ ಅಚ್ಚಿರೋ ಕಲ್ನ ಮಾತ್ರ ಮುಟ್ಟಲ್ಲ. ನಿನ್ ಕೈಲಿ ಅಚ್ಚು. ನಾನ್ ಅಚ್ಚುದ್ರೆ ಸೊಟ್ಟ ಆಯ್ತದೆ. ನೀನು ಅರ್ಚಕರ ಮನೆ ಮಗ್ಳು, ಕೈ ಪಳಗವೆ.’

ನಾನು ನಿಮ್ಮನ್ನೇ ನೋಡಿದೆ. ದೇವಸ್ಥಾನದ ಬಾಗಿಲಿಗೆ ಬಂದರೂ ಚಪ್ಪಲಿ ಕಾಯುತ್ತೇನೆ ಅಂತ ಹೊರಗೇ ನಿಲ್ಲುತ್ತಿದ್ದವರು, ದೆವ್ವ ಅಂದ ಹುಡುಗರಿಗೆ ಬೆತ್ತ ತೋರಿಸುತ್ತಿದ್ದವರು ನೀವು. ನಿಮಗೂ ನಾಚಿಕೆಯಾಗಿತ್ತು, ಮುಖ ಆಚೆ ತಿರುಗಿಸಿದಿರಿ. ‘ಇದು ನಮ್ಮಿಬ್ರಲ್ಲೇ ಇರ್ಲಿ ಪದ್ಮವ್ವ. ಯಾರ್ಗೂ ಏಳ್ಬ್ಯಾಡ’ ಅಂದಿರಿ. ಅರಿಶಿನ ಸವರಿ, ಮೂರು ಬೊಟ್ಟಿಟ್ಟು, ಎರಡು ಕಣಗಿಲೆ ಹೂ ಏರಿಸಿದೆ. ನನ್ನಪ್ಪ ಕಂಡಿದ್ದರೆ ಮನೆಯೊಳಕ್ಕೆ ಸೇರಿಸುತ್ತಿರಲಿಲ್ಲವೇನೋ... ಆದರೆ ಕಲ್ಲು ಮತ್ತೆ ಕದಲಲಿಲ್ಲ. ಪಕ್ಕದ ಗದ್ದೆಯವರು ಅದರ ಕಡೆಯಿಂದ ನೀರಿನ ಪೈಪನ್ನೇ ಆಚೆ ಎಳೆದುಕೊಂಡರು. ಬಸ್ ಸ್ಟಾಪಿನ ತನಕ ನಾವಿಬ್ಬರೂ ಮಕ್ಕಳ ಹಾಗೆ ನಕ್ಕೆವು.

ಮೈಸೂರಿನ ಆಸ್ಪತ್ರೆಯಲ್ಲಿ ನಿಮ್ಮನ್ನು ಕೊನೆಯ ಸಲ ನೋಡಿದಾಗ ಮೂಗಿಗೆ ನಳಿಗೆ ಹಾಕಿದ್ದರು. ಹೇಗಿದ್ದೀರಿ ಅಂತ ನಾನು ಕೇಳುವ ಮೊದಲೇ ನೀವು ಕೇಳಿದಿರಿ: ‘ಕಲ್ಲು ಅದಾ?’ ಪರೀಕ್ಷೆಯ ಗಲಾಟೆಯಲ್ಲಿ ಮೂರು ವಾರ ನಾನು ತೋಪಿನ ಕಡೆ ಹೋಗಿರಲಿಲ್ಲ. ಇದೆ ಅಂದುಬಿಟ್ಟಿದ್ದರೆ ಏನಾಗುತ್ತಿತ್ತು? ನಿಮಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. ‘ಭಾನುವಾರ ನೋಡ್ಕೊಂಡು ಬಂದು ಹೇಳ್ತೀನಿ’ ಅಂದೆ. ನೀವು ಶುಕ್ರವಾರವೇ ಹೊರಟುಬಿಟ್ಟಿರಿ.

ನೀವು ಹೋದ ಮೇಲೆ ಒಂದು ಮಂಗಳವಾರ ರಜೆ ಹಾಕಿ ತೋಪಿಗೆ ಹೋದರೆ, ಕಲ್ಲಿನ ಮುಂದೆ ನಿಂಬೆಹಣ್ಣಿನ ದೀಪ ಉರಿಯುತ್ತಿತ್ತು. ಕುರಿ ಮೇಯಿಸುವ ಪುಟ್ಟಮ್ಮ ಕೈಮುಗಿದು ನಿಂತಿದ್ದಳು. ಮೊಮ್ಮಗಳಿಗೆ ಜ್ವರ ಬಿಡದೆ ಹರಕೆ ಹೊತ್ತಿದ್ದಳಂತೆ, ಜ್ವರ ಬಿಟ್ಟಿತಂತೆ. ಆಮೇಲೆ ಒಬ್ಬರನ್ನು ನೋಡಿ ಒಬ್ಬರು. ಯಾರದೋ ಕನಸಿನಲ್ಲಿ ಅಮ್ಮ ಬಂದು ತೋಪಿನಲ್ಲಿ ನೆಲೆಸಿದ್ದೇನೆ ಅಂದಳಂತೆ. ಹೆಸರೂ ಬಂತು, ತೋಪಮ್ಮ. ನಂಜುಂಡಣ್ಣ ಕೂಡ ಬರುವಾಗೊಮ್ಮೆ ಹೋಗುವಾಗೊಮ್ಮೆ ಕೈಮುಗಿಯುತ್ತಾರೆ ಮೇಷ್ಟ್ರೇ! ನಾನು ಬಾಯಿಗೆ ಬೀಗ ಹಾಕಿಕೊಂಡು ಪಾರ್ಥೇನಿಯಂ ಕೀಳುತ್ತಿದ್ದೆ. ಕಾಯುವುದಕ್ಕೆ ಇನ್ನೊಬ್ಬರು ಸಿಕ್ಕಿದರಲ್ಲ, ಇರಲಿ ಅಂತ ಒಳಗೊಳಗೇ ಖುಷಿಯೂ ಆಗಿತ್ತು.

ಆ ಖುಷಿ ಎಷ್ಟು ದಿನ? ಮೊದಲು ತಗಡಿನ ಶೀಟು ಬಂತು. ಆಮೇಲೆ ಸಿಮೆಂಟು ನೆಲ, ಅದಕ್ಕೆ ಎರಡು ಹೊಂಗೆ ಹೋದವು. ಈ ವರ್ಷ ಊರಿನ ಗಂಡಸರು ಗುಡಿಯನ್ನೂ ಅದಕ್ಕಂಟಿಸಿ ಸಮುದಾಯ ಭವನವನ್ನೂ ಕಟ್ಟುವುದೆಂದು ತೀರ್ಮಾನ ಮಾಡಿದರು. ಇಪ್ಪೆ ಮರವೂ ಸೇರಿ ಹದಿನಾಲ್ಕು ಮರಕ್ಕೆ ಸುಣ್ಣದ ಗುರುತು ಬಿತ್ತು. ಕಬ್ಬಿನವರಿಂದ ಉಳಿಸಿದ ತೋಪನ್ನು ನಾವೇ ಕುಂಕುಮ ಹಚ್ಚಿ ಕೊಟ್ಟ ಹಾಗಾಯಿತಲ್ಲ! ನಾನು ಅರ್ಜಿ ಬರೆದೆ. ‘ದೇವರ ವಿಷಯ ಮೇಡಂ, ಮೊದಲು ಊರಿನವರನ್ನು ಒಪ್ಪಿಸಿ’ ಅಂದರು ಆಫೀಸಿನಲ್ಲಿ. ಇನ್ನೊಂದು ಬರೆದೆ. ಅದೇ ಉತ್ತರ. ಆ ದಿನ ಬಸ್ ಸ್ಟಾಪಿನಲ್ಲಿ ಕೂತು ಸುಮ್ಮನೆ ಅತ್ತೆ ಮೇಷ್ಟ್ರೇ. ಯಾರ ತೋಪು, ಯಾರ ಊರು, ನನಗ್ಯಾಕೆ ಇದು ಅನ್ನಿಸಿಬಿಟ್ಟಿತ್ತು.

ಊರಿನವರನ್ನು ತಡೆಯಲು ನನ್ನ ಹತ್ತಿರ ಉಳಿದಿದ್ದು ಸತ್ಯ ಒಂದೇ. ಅದನ್ನು ಹೇಳಿದರೆ ನಿಮ್ಮ ಹೆಸರಿಗೆ ಮಸಿ. ನೀವು ಕಲಿಸಿದ ಶಾಲೆಯಲ್ಲಿ ನಿಮ್ಮ ಫೋಟೋ ಹಾಕಿದ್ದಾರೆ, ಗೊತ್ತಾ? ಊರಿಗೆ ಊರೇ ‘ಮೇಷ್ಟ್ರು ಸುಳ್ಳಾಡ್ದೋರಲ್ಲ’ ಅನ್ನುತ್ತದೆ. ನಿಮ್ಮ ಹೆಂಡತಿಯ ಅಪ್ಪಣೆಯನ್ನಾದರೂ ಕೇಳೋಣ ಅಂತ ಮನೆಗೆ ಹೋದೆ. ಜಯಮ್ಮನವರು ಹಿತ್ತಲಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ತಡವರಿಸುತ್ತಾ ಎಲ್ಲ ಹೇಳಿದೆ. ಅವರು ಸುಲಿಯುವುದನ್ನು ನಿಲ್ಲಿಸಲೂ ಇಲ್ಲ.

‘ನಂಗೊತ್ತಿಲ್ವಾ? ಕುಂಕುಮ ತಕಂಡೋಗಿದ್ದು ನನ್ನ ಭರಣಿಯಿಂದ್ಲೇ ತಾನೇ? ದೇವ್ರ್ ಗೂಡಿನ್ ಕಡೆ ತಲೆ ಹಾಕ್ದಿರಾ ಮನುಸ ಕೈ ಕೆಂಪ್ ಮಾಡ್ಕಂಡ್ ಓಡಾಡ್ತಾವ್ರೆ, ನಾನ್ ಕೇಳ್ನಿಲ್ಲ, ಅವ್ರು ಏಳ್ನಿಲ್ಲ.’

‘ಈಗ ಏನ್ ಮಾಡ್ಲಿ ಜಯಮ್ಮನೋರೇ?’

‘ಏಳ್ಬುಡು. ಅವ್ರು ಮಾಡಿದ್ದು ಮರಕ್ಕೋಸ್ಕರ. ಮರ್ವೇ ಓದ್ಮೇಲೆ ಅವ್ರ ಮಾನ ಇಟ್ಕಂಡು ನಾನೇನ್ ಪೂಜೆ ಮಾಡಾನಾ?’

ಹೋದ ಭಾನುವಾರ ಶಾಲೆಯ ಜಗಲಿಯಲ್ಲಿ ಊರಿನ ಸಭೆ. ನಿಮ್ಮ ಫೋಟೋ ನನ್ನ ಬೆನ್ನ ಹಿಂದೆ. ಇದು ಸರ್ವೆ ಕಲ್ಲು, ಕಿತ್ತು ಹಾಕುತ್ತಾರೆ ಅಂತ ಮೇಷ್ಟ್ರು ಹೇಳಿ ನಾನೇ ಕುಂಕುಮ ಹಚ್ಚಿದೆ ಅಂತ ಒಂದೇ ಉಸಿರಿನಲ್ಲಿ ಹೇಳಿದೆ. ಆಮೇಲೆ ಶುರುವಾಯಿತು ನೋಡಿ. ‘ಪಟ್ಣದಿಂದ ಬಂದು ನಮ್ಮಮ್ಮನ್ನ ಕಲ್ಲು ಅಂತಾಳೆ!’ ‘ಸತ್ತೋರ್ ಮ್ಯಾಲೆ ಯಾಕ್ ಆಕ್ತೀಯವ್ವ? ನಮ್ ಮೇಷ್ಟ್ರು ಅಂಥೋರಲ್ಲ!’ ನಿಮ್ಮ ಹೆಸರಿಗೆ ಏನೂ ಆಗಲಿಲ್ಲ, ನೆಮ್ಮದಿಯಾಗಿರಿ. ಸುಳ್ಳಿ ಅನ್ನಿಸಿಕೊಂಡವಳು ನಾನು. ಜಯಮ್ಮನವರು ‘ಅವ್ಳು ಏಳ್ತಿರಾದು ನಿಜ ಕಣ್ರಪ್ಪ’ ಅಂದರೂ, ಪಾಪ ಮುದುಕಿ, ತಲೆ ಕೆಡಿಸವ್ರೆ ಅಂದರು. ಇಷ್ಟು ವರ್ಷ ನಿಮ್ಮೂರ ಮುಳ್ಳು ಕಿತ್ತದ್ದಕ್ಕೆ ಇದಾ ಮರ್ಯಾದೆ ಅಂತ ಕಣ್ಣು ತುಂಬಿತು. ಚೀಲ ಎತ್ತಿಕೊಂಡು ಹೊರಟೆ.

ಮೆಟ್ಟಿಲಲ್ಲಿ ಕೂತಿದ್ದ ಪುಟ್ಟಮ್ಮ ನನ್ನ ಸೆರಗು ಹಿಡಿದು ಕೂರಿಸಿದಳು. ಕೋಲು ಊರಿ ತಾನೇ ಎದ್ದಳು.

‘ನೀನು ನೆಟ್ಟಿದ್ದು ಕಲ್ಲೇ ಇರ್ಬೋದು ಕಣವ್ವ. ಎಲ್ಲಾ ದೇವ್ರೂ ಮೊದ್ಲು ಕಲ್ಲೇ ತಾನೇ? ಎಲ್ಡು ವರ್ಸ ನಾನ್ ಕೈಮುಗ್ದಿವ್ನಿ, ಅದು ಸುಳ್ಳಲ್ಲ.’ ಗಂಡಸರ ಕಡೆ ತಿರುಗಿದಳು. ‘ಲೇ, ತೋಪ್ ಕಾಯಾಕೆ ಅಂತ ಅಲ್ವೇನ್ರಲಾ ಅವ್ಳನ್ನ ಮಡಗಿದ್ದು? ಕಾಯಾಕ್ ಬಂದೋಳ ಮುಂದೇನೇ ಮರ ಕಡ್ದು, ಅವ್ಳಿಗೇ ಮನೆ ಕಟ್ತೀವಿ ಅಂತೀರಲ್ಲ, ನಾಚ್ಕೆ ಆಗಾಕಿಲ್ವಾ ನಿಮ್ಗೆ? ಆ ಇಪ್ಪೆ ಮರ್ದ್ ನೆಳ್ಳು ಸಾಲ್ದಾ ಅವ್ಳ್ಗೆ?’

ಗುಡಿಯೂ ಬೇಡ, ಮರ ಕಡಿಯುವುದೂ ಬೇಡ ಅಂದರು ಗಂಡಸರು. ಅವಳು ಬೈದರೆ ಅಮ್ಮನೇ ಬೈದ ಹಾಗೆ ಅಂತ ಹೆದರಿದರೋ ಏನೋ. ಭವನವನ್ನು ಶಾಲೆಯ ಹಿಂದಿನ ಪಾಳು ಜಾಗದಲ್ಲಿ ಕಟ್ಟುತ್ತಾರಂತೆ. ಅಂತೆ, ಅಷ್ಟೇ. ಬರೆದೇನೂ ಕೊಟ್ಟಿಲ್ಲ. ತಗಡಿನ ಶೀಟು ಇನ್ನೂ ಅಲ್ಲೇ ಇದೆ, ಹೋದ ಎರಡು ಹೊಂಗೆ ಹೋದವು. ಅರ್ಧ ಊರು ನನ್ನನ್ನು ಮಾತಾಡಿಸುವುದಿಲ್ಲ. ಮರಗಳ ಮೇಲಿನ ಸುಣ್ಣವನ್ನು ಮಾತ್ರ ಯಾರೋ ಉಜ್ಜಿ ತೆಗೆದಿದ್ದಾರೆ.

ಇವತ್ತು ಲಂಟಾನ ಕೀಳುತ್ತಿದ್ದಾಗ ಜಯಮ್ಮನವರು ನಿಧಾನಕ್ಕೆ ನಡೆದು ಬಂದರು. ನೀವು ಹೋದ ಮೇಲೆ ಅವರು ತೋಪಿಗೆ ಬಂದದ್ದು ಇದೇ ಮೊದಲು. ಸೆರಗಿನಲ್ಲಿ ಆ ಭರಣಿ. ‘ಮನೇಲಿ ಸುಮ್ಕೆ ಕುಂತದೆ. ಮೊದ್ಲು ಅಚ್ದೋಳು ನೀನು, ಅಚ್ಚು’ ಅಂದರು. ‘ನೀವೇ ಹಚ್ಚಿ’ ಅಂದೆ. ಗಂಡ ಹೋದ ತಾನು ಹಚ್ಚಬಹುದಾ ಅಂತ ಅವರು ಅಲ್ಲೇ ಕುರಿ ಮೇಯಿಸುತ್ತಿದ್ದ ಪುಟ್ಟಮ್ಮನ ಮುಖ ನೋಡಿದರು. ‘ಅಚ್ಚವ್ವ, ಅವ್ಳೇನ್ ಬ್ಯಾಡ ಅಂದ್ಲಾ?’ ಅಂದಳು ಅವಳು, ಕುರಿಗಳ ಕಡೆಯಿಂದಲೇ. ಜಯಮ್ಮನವರು ಮೂರು ಬೊಟ್ಟಿಟ್ಟರು. ಸೊಟ್ಟಗಾಯಿತು. ನಾನೂ ಕೈಮುಗಿದೆ ಮೇಷ್ಟ್ರೇ, ನಗಬೇಡಿ.

ನಕಾಶೆಯ ಪೈಪು ಈಗ ನನ್ನ ಮನೆಯಲ್ಲಿದೆ, ಗೆದ್ದಲು ಹಿಡಿಯದ ಹಾಗೆ ನೋಡಿಕೊಂಡಿದ್ದೇನೆ. ಮಂಡಿ ಎಷ್ಟೇ ನೋಯಲಿ, ಬರುವ ಭಾನುವಾರವೂ ಬಸ್ಸು ಹತ್ತುತ್ತೇನೆ. ಆಸ್ಪತ್ರೆಯಲ್ಲಿ ನೀವು ಕೇಳಿದ್ದಕ್ಕೆ ಅವತ್ತು ಉತ್ತರ ಕೊಡಲಾಗಲಿಲ್ಲ. ನೋಡಿಕೊಂಡು ಬಂದು ಹೇಳುತ್ತೇನೆ ಅಂದಿದ್ದೆನಲ್ಲ, ನೋಡಿಕೊಂಡೇ ಬಂದಿದ್ದೇನೆ.

ಕಲ್ಲು ಅದೆ ಮೇಷ್ಟ್ರೇ. ಇದ್ದಲ್ಲೇ ಅದೆ.

ನಿಮ್ಮ
ಪದ್ಮ